ಬೀಗರ ಮುಂದೆ ಬ್ರಾಡ್‌ಬ್ಯಾಂಡ್

ನೀವು ಇದನ್ನು ನಂಬುವುದಿಲ್ಲ. ನಂಬಲೇಬೇಕೆಂದು ನಾನೂ ಗೋಗರೆಯುವುದಿಲ್ಲ. ನನ್ನ ಮಾತು ನಂಬಿ ಕೆಟ್ಟವರ ಸಂಖ್ಯೆ ಕಲ್ಕತ್ತೆಯಲ್ಲಿ ಸಣ್ಣದಲ್ಲ. ಆದರೆ ಈಗ ಹೇಳುವುದನ್ನು ಕೊನೆಯವರೆಗೆ ಓದಿ, ಆಮೇಲೆ ನಂಬದೆ ಇದ್ದು ತೋರಿಸಿ, ನೋಡೋಣ. ವಿಷಯ ಇಷ್ಟೇ: ನನ್ನ ಮಗಳ ಮದುವೆ ಆದದ್ದು ನಮ್ಮ ಮನೆಯ ಇಂಟರ್ನೆಟ್ಟು ಆಮೆಯ ಹಾಗೆ ತೆವಳುತ್ತಿದ್ದುದರಿಂದ. ಊರೆಲ್ಲ ಸ್ಪೀಡು ಸ್ಪೀಡು ಎಂದು ಬಡಿದುಕೊಳ್ಳುತ್ತಿದ್ದ ಕಾಲ ಅದು. ಸಾಲ್ಟ್ ಲೇಕಿನಲ್ಲಿ ದಿನಕ್ಕೊಂದು ಗಾಜಿನ ಕಟ್ಟಡ ಏಳುತ್ತಿತ್ತು. ಅಂಥದರಲ್ಲಿ ನಮಗೆ ನಿಧಾನವೇ ಒದಗಿ ಬಂತು.

ಮೊದಲು ನನ್ನ ಪರಿಚಯ. ಇಲ್ಲಿನ ಒಂದು ಕೇಂದ್ರ ಸರ್ಕಾರಿ ಕಚೇರಿಯಲ್ಲಿ ಸರ್ವೀಸು ಪೂರ್ತಿ ಕಳೆದು ನಿವೃತ್ತನಾದ ಮೈಸೂರಿನವನು ನಾನು. ಕೆಲಸದಲ್ಲಿ ಹೇಗಿದ್ದೆ ಎಂದು ಕೇಳಬೇಡಿ; ತಮಾಷೆಯಲ್ಲಿ ನನ್ನ ಸಮಕ್ಕೆ ನಿಲ್ಲುವವರು ಹೌರಾ ಸೇತುವೆಯ ಈಚೆಗೂ ಇರಲಿಲ್ಲ, ಆಚೆಗೂ ಇರಲಿಲ್ಲ. ಒಮ್ಮೆ ಊಟದ ಹೊತ್ತಿಗೆ, “ಇವತ್ತು ಎಸ್ಪ್ಲನೇಡಿನಿಂದ ಟ್ರಾಮಿಗೆ ಟಿಕೆಟ್ಟೇ ಬೇಡವಂತೆ, ಪುಕ್ಕಟೆ” ಎಂದು ಬರೀ ಪಕ್ಕದ ಮೇಜಿನವನ ಕಿವಿಯಲ್ಲಿ ಹೇಳಿದೆ. ಅರ್ಧ ಗಂಟೆಯಲ್ಲಿ ಸೆಕ್ಷನ್ನು ಖಾಲಿ. ನಮ್ಮ ಸೆಕ್ಷನ್ ಆಫೀಸರು ಟಿಕೆಟ್ ಕೊಳ್ಳುವುದಿಲ್ಲವೆಂದು ಕಂಡಕ್ಟರನ ಜೊತೆ ಕಾನೂನು ಮಾತಾಡಿ, ಮೈದಾನದ ನಟ್ಟನಡುವೆ ಇಳಿಸಲ್ಪಟ್ಟು, ಬಿಸಿಲಲ್ಲಿ ನಡೆದುಕೊಂಡು ಬಂದರು. ಇಂಥವು ನನ್ನ ಖಾತೆಯಲ್ಲಿ ಎಷ್ಟೋ ಇವೆ.

ಹೊರಗೆ ಇದೆಲ್ಲ ಚೆಂದ. ಮನೆಯಲ್ಲಿ ಮಾತ್ರ ನನ್ನ ಪ್ರತಿಭೆಗೆ ಬೆಲೆಯಿರಲಿಲ್ಲ. ಅದಕ್ಕೆ ಕಾರಣವೂ ಇತ್ತು. ಮಗಳು ಮಾಲಿನಿಯನ್ನು ನೋಡಲು ಮೊದಲ ಸಲ ಬೆಂಗಳೂರಿನಿಂದ ಬಂದವರು ಬಹಳ ಮಡಿವಂತರು. ಸದರ್ನ್ ಅವೆನ್ಯೂ ಹತ್ತಿರದ ನಮ್ಮ ಫ್ಲ್ಯಾಟಿನಲ್ಲಿ ಕೂತು, ಕೇಸರಿಬಾತಿನ ತಟ್ಟೆ ಕೈಗೆತ್ತಿಕೊಳ್ಳುತ್ತ ಹುಡುಗನ ತಂದೆ ಕೇಳಿದರು: “ಇಲ್ಲಿ ಬ್ರಾಹ್ಮಣರೂ ಮೀನು ತಿಂತಾರಂತೆ, ಹೌದಾ?” ನಾನು ಏನು ಮಾಡಲಿ, ನಾಲಿಗೆ ತುರಿಸಿತು. ಕಣ್ಣು ಮುಚ್ಚಿ ಕೈ ಮುಗಿದು, “ಮೀನು ಅನ್ನಬಾರದು ಸ್ವಾಮಿ, ಅದು ಗಂಗೆಯ ಹೂವು. ನಮ್ಮನೇಲೂ ದೇವರಿಗೆ ತೋರಿಸಿದ ಮೇಲೇನೇ ಬಾಯಿಗೆ ಹಾಕ್ಕೊಳ್ಳೋದು” ಅಂದೆ. ನಗುತ್ತಾರೆ ಎಂದುಕೊಂಡಿದ್ದೆ. ಅವರು ತಟ್ಟೆ ಕೆಳಗಿಟ್ಟು ಚಪ್ಪಲಿ ಹುಡುಕತೊಡಗಿದರು. ತಮಾಷೆ ಎಂದು ನಾನು ಮೆಟ್ಟಿಲವರೆಗೂ ಹೇಳಿಕೊಂಡು ಹೋದೆ. ಟ್ಯಾಕ್ಸಿ ಹೊರಟೇಹೋಯಿತು. ನನ್ನ ಹೆಂಡತಿ ರುಕ್ಮಿಣಿ ಆ ಕೇಸರಿಬಾತನ್ನು ನನಗೇ ಬಡಿಸಿದಳು.

ಈಗ ಇಂಟರ್ನೆಟ್ಟಿಗೆ ಬರೋಣ. ಧಾರವಾಡದ ಗುರುರಾಜ ಕುಲಕರ್ಣಿ ಎಂಬ ಇಂಜಿನಿಯರ್ ಹುಡುಗ ಟ್ರೇನಿಂಗಿಗೆಂದು ಕಲ್ಕತ್ತೆಗೆ ಬಂದವನು ಇಲ್ಲಿನ ಕನ್ನಡಿಗರ ಯುಗಾದಿ ಊಟಕ್ಕೆ ಬಂದ. ಅವನೂ ನಮ್ಮ ಮಾಲುವೂ ಒಂದೇ ಪಂಕ್ತಿಗೆ ಒಬ್ಬಟ್ಟು ಬಡಿಸಿದರು. ಅವನು ಊರಿಗೆ ಹೋದಮೇಲೆ ನಮ್ಮ ಮನೆಗೆ ಬ್ರಾಡ್‌ಬ್ಯಾಂಡ್ ಬಂತು. ಈ ಎರಡಕ್ಕೂ ಇರುವ ಸಂಬಂಧ ನನ್ನಂಥ ಚಾಣಾಕ್ಷನಿಗೇ ನಾಲ್ಕು ತಿಂಗಳು ಹೊಳೆಯಲಿಲ್ಲ. ಹಾಕಿಕೊಟ್ಟವನು ನಮ್ಮ ಓಣಿಯ ಕೇಬಲ್ ಟೀವಿಯ ಬಾಪಿ. ಮಹಡಿಯಿಂದ ಮಹಡಿಗೆ, ಅಲ್ಲಿಂದ ಲೈಟುಕಂಬಕ್ಕೆ, ಅಲ್ಲಿಂದ ಎದುರುಮನೆ ಘೋಷ್ ಬಾಬುಗಳ ಬಾಲ್ಕನಿ ಹಾದು ವೈರು ನಮ್ಮ ಹಾಲಿಗೆ ಬರುತ್ತಿತ್ತು. ವೈರಿನ ಮೇಲೆ ಕಾಗೆ ಕೂತರೆ ಸ್ಪೀಡು ಇಳಿಯುತ್ತದೆಂದು ನಾನು ಹೇಳಿದ ದಿನದಿಂದ ಘೋಷ್ ಬಾಬುಗಳು ಕೊಡೆ ಹಿಡಿದು ಕಾಗೆ ಓಡಿಸುತ್ತಿದ್ದರು. ಅದು ಹಾಗಿರಲಿ. ಬಾಪಿಯ ಹತ್ತಿರ ಸ್ಪೀಡಿನ ಮೂರು ಪ್ಲಾನು: ಅರವತ್ನಾಲ್ಕು, ನೂರಿಪ್ಪತ್ತೆಂಟು, ಐನೂರ ಹನ್ನೆರಡು. ದುಡ್ಡು ಹೆಚ್ಚಿದಷ್ಟೂ ಓಟ ಹೆಚ್ಚು. ಐನೂರ ಹನ್ನೆರಡರ ತಿಂಗಳ ಬಾಡಿಗೆ ಕೇಳಿ, ಆ ದುಡ್ಡಿಗೆ ಮೈಸೂರಿಗೇ ಹೋಗಿ ಮಾತಾಡಿಕೊಂಡು ಬರಬಹುದಲ್ಲಯ್ಯ ಅಂದಿದ್ದೆ. ಕೊನೆಗೆ ನಡುವಿನದಕ್ಕೆ ಒಪ್ಪಿಕೊಂಡೆವು.

ಮಾಲುವೂ ಗುರುರಾಜನೂ ಕಂಪ್ಯೂಟರಿನಲ್ಲಿ ಮಾತಾಡಿಕೊಳ್ಳುತ್ತಿದ್ದ ವಿಷಯ ಹೊರಬಿದ್ದದ್ದು ಅವನ ತಂದೆ ಒಂದು ಭಾನುವಾರ ಕಂಪ್ಯೂಟರಿನಲ್ಲೇ ಹುಡುಗಿಯನ್ನೂ ಅವಳ ತಂದೆತಾಯಿಯನ್ನೂ ನೋಡುತ್ತೇವೆ ಅಂದಾಗ. ಮನಸ್ಸಿಗೆ ಬಂದರೆ ನಿಶ್ಚಯ, ಇಲ್ಲವಾದರೆ ಎರಡು ರಾತ್ರಿ ರೈಲಿನಲ್ಲಿ ಕೂರುವ ಕಷ್ಟ ಯಾರಿಗೂ ಬೇಡ. ಕುಲಕರ್ಣಿಯವರು ನಿವೃತ್ತ ಸಬ್ ರಿಜಿಸ್ಟ್ರಾರ್. ಜೀವನದಲ್ಲಿ ಎರಡು ಸಲ ನಕ್ಕಿದ್ದಾರೆಂದು ಮಗನೇ ಹೇಳಿದ್ದನಂತೆ.

ಮಾಲು ನನ್ನ ಕುರ್ಚಿಯ ಪಕ್ಕ ಬಂದು ನಿಂತಳು. ಇಲ್ಲೇ ಹುಟ್ಟಿ ಬೆಳೆದವಳು, ಅವಳ ಕನ್ನಡಕ್ಕೆ ಮೂರು ಭಾಷೆಗಳ ಒಗ್ಗರಣೆ. “ಅಪ್ಪಾ, ಪ್ಲೀಸ್. ನೋ ಜೋಕ್ಸ್. ಐ ಲೈಕ್ ಹಿಮ್, ಬಾಬಾ. ಒಂದೇ ಒಂದು ಸಂಡೇ ನೀವು ನಾರ್ಮಲ್ ಆಗಿ ಇರ್ತೀರಾ?”

“ನಾನು ಯಾವತ್ತೂ ನಾರ್ಮಲ್ಲೇ” ಅಂದೆ.

“ಅದೇ ನಂಗೆ ಡರ್” ಅಂದಳು. ಅವಳ ಕಣ್ಣು ನೋಡಿ, ನಾಲಿಗೆಯ ಮೇಲೆ ಬಂದಿದ್ದ ಇನ್ನೊಂದನ್ನು ಕಷ್ಟಪಟ್ಟು ನುಂಗಿದೆ.

ರಿಹರ್ಸಲ್ಲಿಗೆಂದು ಹಿಂದಿನ ಭಾನುವಾರ ಮೈಸೂರಿನಲ್ಲಿರುವ ರುಕ್ಮಿಣಿಯ ಅಣ್ಣನ ಜೊತೆ ವೆಬ್‌ಕ್ಯಾಮಿನಲ್ಲಿ ಮಾತಾಡಿದೆವು. ನಾನು ಚೆನ್ನಾಗಿಯೇ ಹರಟೆ ಕೊಚ್ಚಿದೆ: ಟ್ರಾಮಿನ ಕತೆ, ಕಾಗೆಯ ಕತೆ, ಅವನ ಬೋಳುತಲೆ, ಎಲ್ಲ. ಸಂಜೆ ಅವನ ಫೋನು ಬಂತು. “ರುಕ್ಕೂ, ಭಾವನಿಗೆ ಮೈ ಸರಿ ಇಲ್ವೇನೇ? ನೀನೂ ಮಾಲುನೂ ಮಾತಾಡಿದ್ದು ಸ್ವಲ್ಪ ಕೇಳಿಸ್ತು. ಅವರು ಮಾತ್ರ ಒಂದು ಮಾತೂ ಆಡಲಿಲ್ಲ. ಎಷ್ಟು ಗಂಭೀರವಾಗಿ ಕೂತಿದ್ರು.” ನಮ್ಮ ಕಡೆಯಿಂದ ಚುಟುಕು ಮಾತು ಹೇಗೋ ದಾಟಿಬಿಡುತ್ತಿತ್ತು, ನನ್ನಂಥವನ ಉದ್ದದ ಮಾತು ನಾಗಪುರದ ಹತ್ತಿರ ಎಲ್ಲೋ ಸುಸ್ತಾಗಿ ಕೂತುಬಿಡುತ್ತಿತ್ತು. ಫೋನು ಇಟ್ಟ ರುಕ್ಮಿಣಿಯ ಮುಖದಲ್ಲಿ ಏನೋ ಒಂದು ಬೆಳಕು. ಅಣ್ಣನ ಧ್ವನಿ ಕೇಳಿದ ಸಂತೋಷ ಅಂದುಕೊಂಡೆ.

ನನಗಾದರೋ ಅವಮಾನ. ಆಡಿದ ಮಾತು ಕೇಳಿಸದಿದ್ದರೆ ನಾನು ಇದ್ದರೆಷ್ಟು, ಬಿಟ್ಟರೆಷ್ಟು? ಮಾರನೆಯ ಬೆಳಿಗ್ಗೆಯೇ ಬಾಪಿಯನ್ನು ಕರೆದು, “ಐನೂರ ಹನ್ನೆರಡು ಹಾಕು. ಮಗಳ ಮದುವೆ, ದುಡ್ಡಿನ ಮುಖ ನೋಡೋನಲ್ಲ” ಎಂದೆ. ಅಂದಿನ ಗತ್ತು ನೀವು ನೋಡಬೇಕಿತ್ತು.

ಆ ಭಾನುವಾರ ಬಂತು. ರುಕ್ಮಿಣಿ ರೇಷ್ಮೆ ಸೀರೆ, ನಾನು ಪಂಚೆ ಶಲ್ಯ, ನಡುವೆ ಮಾಲು. ಪರದೆಯ ಮೇಲೆ ಕುಲಕರ್ಣಿ ದಂಪತಿ, ಹಿಂದೆ ಗುರುರಾಜನ ಅರ್ಧ ತಲೆ. “ನಮಸ್ಕಾರ್ರೀ” ಎಂದರು. ಮಾಲು “ನಮಸ್ಕಾರ” ಎಂದಳು, ಅದು ದಾಟಿತು. “ಅಡಗಿ ಮಾಡ್ಲಿಕ್ಕೆ ಬರ್ತದೇನವಾ?” ಎಂದು ತಾಯಿ ಕೇಳಿದರು. “ಬರತ್ತೆ” ಎಂದಳು, ಅದೂ ದಾಟಿತು. ಎಲ್ಲ ಸರಿಯಾಗಿ ಹೋಗುತ್ತಿರುವಾಗ ಕುಲಕರ್ಣಿಯವರು ಗಂಟಲು ಸರಿಮಾಡಿಕೊಂಡರು. “ಒಂದ್ ಮಾತ್ ಕೇಳ್ತೀನ್ರಿ, ತಪ್ಪ ತಿಳ್ಕೋಬ್ಯಾಡ್ರಿ. ಕಲ್ಕತ್ತಾದಾಗ ನಮ್ಮ ಪೈಕಿ ಮಂದೀನೂ ಮೀನ ತಿಂತಾರಂತ ಕೇಳೇವಿ. ನೀವಂತೂ ಭಾಳ ವರ್ಷದಿಂದ ಅಲ್ಲೇ ಇದ್ದೀರಿ...”

ಮಾಲು ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದಳು. ರುಕ್ಮಿಣಿ ನನ್ನ ಕಡೆ ನೋಡಲೇ ಇಲ್ಲ. ಸುಮ್ಮನಿರಬೇಕೆಂದು ನಾನು ನಿಜವಾಗಿ ತೀರ್ಮಾನಿಸಿದ್ದೆ. ಆದರೆ ಇಂಥ ಚೆಂಡನ್ನು ಯಾರಾದರೂ ಬಿಡುತ್ತಾರೆಯೇ? ಕಣ್ಣು ಮುಚ್ಚಿದೆ, ಕೈ ಮುಗಿದೆ, ಗಂಗೆಯ ಹೂವಿನಿಂದ ಹಿಡಿದು ನೈವೇದ್ಯದವರೆಗೆ ಪೂರ್ತಿ ಹೇಳಿದೆ. ಈ ಸಲ ಸಾಸಿವೆ ಗೊಜ್ಜನ್ನೂ ಸೇರಿಸಿದೆ. ಕಣ್ಣು ಬಿಟ್ಟರೆ ಮಾಲುವಿನ ಕಣ್ಣಲ್ಲಿ ನೀರು. ಪರದೆಯಲ್ಲಿ ಕುಲಕರ್ಣಿಯವರು ಬೆರಳೆತ್ತಿಕೊಂಡು ಹ್ಯಾಂಗ್ ಆಗಿ ನಿಂತಿದ್ದರು. ಆ ಬೆರಳು ಬಾಗಿಲು ತೋರಿಸುತ್ತಿರುವಂತೆಯೇ ಕಂಡಿತು.

ಬಹಳ ಹೊತ್ತಾದ ಮೇಲೆ ಚಿತ್ರ ಅಲ್ಲಾಡಿತು. ಕುಲಕರ್ಣಿಯವರೂ ಕೈ ಮುಗಿದಿದ್ದರು. “ಸಾಕ್ರೀ, ಸಾಕು. ನಾ ಕೇಳಬಾರದಿತ್ತು. ಮೀನಿನ ಹೆಸರ ಎತ್ತಿದ ಕೂಡ್ಲೇ ಕಣ್ಣು ಮುಚ್ಚಿ ಕೈ ಮುಗದು ಕೂತಬಿಟ್ರಿ. ಅಷ್ಟೊತ್ತಾದ್ರೂ ಅಲ್ಲಾಡ್ಲೇ ಇಲ್ಲ, ಒಂದ್ ಮಾತೂ ಆಡ್ಲಿಲ್ಲ. ಈಗಿನ ಕಾಲದಾಗ ಇಂಥಾ ಆಚಾರವಂತರು ಎಲ್ಲಿ ಸಿಗ್ತಾರ್ರೀ?” ಪಕ್ಕದಲ್ಲಿ ಅವರ ಹೆಂಡತಿ, “ಮಾತ ಕಡಿಮಿ, ಘನಸ್ತ ಮನಿಷ್ಯಾರು” ಎಂದು ಸೇರಿಸಿದರು. ನನ್ನ ಬಗ್ಗೆ ಆ ಮಾತು ಹೇಳಿದವರು ಅವರೊಬ್ಬರೇ. ಮಾಲು ಕುರ್ಚಿಯ ಕೈ ಬಿಟ್ಟಳು. ರುಕ್ಮಿಣಿಗೆ ಇದ್ದಕ್ಕಿದ್ದಂತೆ ಕೆಮ್ಮು ಬಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನಾನು? ಎದೆಯ ಮೇಲಿಂದ ಅಕ್ಕಿಮೂಟೆ ಇಳಿಸಿದಂತಾಗಿ, ಆ ದಿನ ಇನ್ನು ಬಾಯಿ ತೆರೆಯಲಿಲ್ಲ.

ಸಮಾಧಾನವಾದ ಮೇಲೆ ಕೋಪ ಬರುವುದು ಸಹಜ. ಅಷ್ಟು ದುಡ್ಡು ತೆತ್ತು ಇದೇನು ಸ್ಪೀಡು? ಮಾರನೆಯ ದಿನ ಬಾಪಿಯನ್ನು ಬಾಗಿಲಲ್ಲೇ ಹಿಡಿದೆ. ಅವನು ಹಿಂದಿ ಬಂಗಾಳಿ ಕಲಸಿ ಹೇಳಿದ್ದನ್ನು ಕನ್ನಡಕ್ಕೆ ಇಳಿಸಿದರೆ ಹೀಗೆ: “ಕಾಕು, ನೀವು ಏರಿಸು ಅಂದ್ರಿ, ಏರಿಸಿದೆ. ಮನೇಲಿ ಕಾಕೀಮಾ ಸಂಜೆಗೇ ಕರೆದು ಇಳಿಸು ಅಂದ್ರು. ಎಲ್ಲಕ್ಕಿಂತ ಕೆಳಗಿನದು ಯಾವುದು ಅಂತ ಕೇಳಿ, ಅರವತ್ನಾಲ್ಕು ಹಾಕಿಸಿದ್ರು. ಕೋಡುಬಳೆ ಕೊಟ್ಟು, ಕಾಕುಗೆ ಹೇಳಬೇಡ ಅಂದ್ರು.” ಅಂದವನು ನಾಲಿಗೆ ಕಚ್ಚಿಕೊಂಡ.

ರುಕ್ಮಿಣಿ ಅಡುಗೆಮನೆಯಿಂದಲೇ ಒಪ್ಪಿಕೊಂಡಳು. “ಹೌದು, ನಾನೇ. ಅಣ್ಣ ನಿಮ್ಮನ್ನ ಗಂಭೀರ ಅಂದ ದಿನಾನೇ ಗೊತ್ತಾಯ್ತು. ಇಷ್ಟು ವರ್ಷ ನಿಮ್ಮ ಬಾಯಿಗೆ ಏನೇನೋ ಮಾಡಿ ನೋಡಿದೆ. ಇಷ್ಟು ಕಮ್ಮಿ ಖರ್ಚಲ್ಲಿ ಆಗೋ ಕೆಲಸ ಅಂತ ಗೊತ್ತೇ ಇರಲಿಲ್ಲ.” ಮಾಲುವಿಗೂ ಇದರಲ್ಲಿ ಪಾಲಿತ್ತೆಂದು ಅವಳು ನನ್ನ ಮುಖ ನೋಡದೆ ತಲೆ ಬಾಚಿಕೊಳ್ಳುತ್ತಿದ್ದ ರೀತಿಯಲ್ಲೇ ತಿಳಿಯಿತು. ಇಡೀ ಸೆಕ್ಷನ್ನನ್ನು ಟ್ರಾಮು ಹತ್ತಿಸಿದವನಿಗೆ ಮನೆಯ ಹೆಂಗಸರೇ ಟೋಪಿ ಹಾಕಿದ್ದರು. ನಾನು ಗಹಗಹಿಸಿ ನಕ್ಕೆ. “ಶಾಭಾಸ್ ರುಕ್ಕೂ, ನನ್ನ ವಿದ್ಯೆಗೆ ವಾರಸುದಾರಳು ಸಿಕ್ಕಳು” ಎಂದು ಮನಸಾರೆ ಹೊಗಳಿದೆ.

ಮದುವೆ ಧಾರವಾಡದಲ್ಲಿ ಸುಸೂತ್ರವಾಗಿ ನಡೆಯಿತು. ಅಲ್ಲಿ ಬ್ರಾಡ್‌ಬ್ಯಾಂಡ್ ರಕ್ಷಣೆ ಇಲ್ಲದ್ದರಿಂದ ರುಕ್ಮಿಣಿ ಧಾರೆ ಮುಗಿಯುವ ತನಕ ನನಗೆ ಮಾತಾಡುವ ಸಂದು ಸಿಗದಂತೆ ಒಂದಾದಮೇಲೊಂದು ಕೆಲಸ ಹಚ್ಚಿದಳು. ಬೀಗರಿಗೆ ನಾನು ಎಂಥವನೆಂದು ಗೊತ್ತಾಗುವ ಹೊತ್ತಿಗೆ ಕಾಲ ಮಿಂಚಿತ್ತು. ಮಗಳು ಸುಖವಾಗಿದ್ದಾಳೆ. ನನಗೂ ಬೇರೆ ಏನು ಬೇಕು.

ಇಷ್ಟೂ ನಿಜ, ಒಂದನ್ನು ಬಿಟ್ಟು. ನೀವು ಮೀನಿನ ಮಾತೇ ಸುಳ್ಳೆಂದು ಆಗಲೇ ಹಿಡಿದಿದ್ದೀರಿ, ಅಲ್ಲವೇ? ಇಲ್ಲ, ಅದು ನಡೆದದ್ದೇ. ಬೆರಳೂ ನಿಜ, ಕೋಡುಬಳೆಯೂ ನಿಜ. ಸುಳ್ಳು ಯಾವುದೆಂದರೆ, ನಾನು ಗಹಗಹಿಸಿ ನಕ್ಕೆ, ಶಾಭಾಸ್ ಅಂದೆ ಎಂದೆನಲ್ಲ, ಅದು. ನಾನು ನಗಲಿಲ್ಲ. ನಕ್ಕವರು ಅವರಿಬ್ಬರು, ಜೊತೆಗೆ ಬಾಪಿ. ನಾನು ಬಾಲ್ಕನಿಗೆ ಹೋಗಿ ಬೆತ್ತದ ಕುರ್ಚಿಯಲ್ಲಿ ರಸ್ತೆ ನೋಡಿಕೊಂಡು ಕೂತೆ. ಊಟಕ್ಕೆ ಕರೆದರೂ ಏಳಲಿಲ್ಲ. ಕೊನೆಗೆ ಮಾಲು ಬಂದು, ನನ್ನ ಮುಖದ ಮುಂದೆ ಎರಡು ಸಲ ಕೈ ಆಡಿಸಿ, ಒಳಗೆ ತಿರುಗಿ ಹೇಳಿದಳು: “ಅಮ್ಮಾ, ಅಪ್ಪ ಹ್ಯಾಂಗ್ ಆಗಿದ್ದಾರೆ.”