ಹೈಸ್ಕೂಲ್ ಗೇಟಿಗೆ ಅಡ್ಡ ನಿಂತ ಅಪ್ಪ

"ಕ್ಲಚ್ ಯಾವುದು, ಬ್ರೇಕ್ ಯಾವುದು ಅಂತ ಗೊತ್ತಿಲ್ಲದ ಎಷ್ಟು ಸಾವಿರ ಜನರನ್ನ ನಡುರಸ್ತೆಗೆ ಬಿಟ್ಟು, ಜೀವಸಹಿತ ವಾಪಸ್ ಕರ್ಕೊಂಡು ಬಂದಿದೀನಿ ನಾನು! ಒಂದು ಹುಡುಗೀನ ಹೈಸ್ಕೂಲಿಗೆ ಕಳಿಸೋದು ಯಾವ ಮಹಾ ಕೆಲಸ?"

ಊಟದ ಮೇಜಿನ ಮುಂದೆ ಎದೆಯುಬ್ಬಿಸಿ ನಿಂತು ಡ್ರೈವಿಂಗ್ ಮೇಷ್ಟ್ರು ಹೀಗೆ ಘೋಷಿಸಿದಾಗ ಅವರ ಹೆಂಡತಿ ತಟ್ಟೆಯಿಂದ ತಲೆ ಎತ್ತಲಿಲ್ಲ. ಆಕೆ ಕನ್ನಡಕದ ಅಂಗಡಿಯಲ್ಲಿ ದಿನವಿಡೀ ಗಿರಾಕಿಗಳ ಮೂಗಿನ ಮೇಲೆ ಫ್ರೇಮು ಕೂರಿಸುವವರು. ಯಾರ ಕಣ್ಣಿಗೆ ಏನು ಕಾಣುವುದಿಲ್ಲ ಎಂಬುದು ಅವರಿಗೆ ಎರಡು ಮಾತಿನಲ್ಲೇ ತಿಳಿದುಹೋಗುತ್ತದೆ.

"ಕಳಿಸೋದು ಕಷ್ಟ ಅಲ್ಲ ರೀ. ಕಳಿಸಿ ಸುಮ್ನೆ ಇರೋದು ಕಷ್ಟ."

"ಯಾರಿಗೆ? ನನಗಾ?"

"ಇಲ್ಲ, ಪಕ್ಕದ್ಮನೆ ಬೆಕ್ಕಿಗೆ!"

ಹೆಂಡತಿ ಹೀಗೆ ಸಿಡುಕಲು ಕಾರಣವಿತ್ತು. ಮಗಳು ಚಿಕ್ಕ ಶಾಲೆಯಲ್ಲಿದ್ದಷ್ಟು ಕಾಲವೂ ಅವಳನ್ನು ಬಿಟ್ಟುಬರುವ ಹೊಣೆ ಮೇಷ್ಟ್ರದಾಗಿತ್ತು. ಬಿಟ್ಟವರು ಬರಬೇಕಲ್ಲ! ಬರುತ್ತಿರಲಿಲ್ಲ. ಗೇಟಿನಲ್ಲೇ ನಿಂತು ಬೇರೆ ಮಕ್ಕಳ ಅಪ್ಪ ಅಮ್ಮಂದಿರಿಗೆ ಪಾರ್ಕಿಂಗ್ ಪಾಠ ಹೇಳುತ್ತಿದ್ದರು. "ಹ್ಯಾಂಡ್‌ಬ್ರೇಕ್ ಹಾಕಿ ಸಾರ್!", "ಕನ್ನಡಿ ಇರೋದು ತಲೆ ಬಾಚ್ಕೊಳ್ಳೋಕಲ್ಲ ಮೇಡಂ!" ಎಂದು ಊರಿಗೆಲ್ಲ ಉಪದೇಶ. ಬೈಸಿಕೊಂಡವರೆಲ್ಲ ಒಳಗೆ ಹೋಗುತ್ತಿದ್ದ ಆ ಎಳೆಯ ಹುಡುಗಿಯನ್ನು ದುರುಗುಟ್ಟಿ ನೋಡುತ್ತಿದ್ದರು. ಅವಳು ಏನು ತಪ್ಪು ಮಾಡಿದ್ದಳು, ಪಾಪ?

ಈಗ ಅವಳಿಗೆ ಎಂಟನೇ ಕ್ಲಾಸು. ಪಟ್ಟಣದ ಆ ತುದಿಯ ಹೈಸ್ಕೂಲು, ದೊಡ್ಡ ಕಟ್ಟಡ, ಹೊಸ ಮಕ್ಕಳು. ರಜೆಯ ಕೊನೆಯ ವಾರ ಅವಳು ಅಪ್ಪನ ಮುಂದೆ ಬಂದು ನಿಂತಳು.

"ಅಪ್ಪಾ, ನನಗೆ ಹೊಸ ಬ್ಯಾಗ್ ಬೇಡ, ಹೊಸ ಶೂ ಬೇಡ. ಒಂದೇ ಒಂದು ಕೊಡಿಸ್ತೀಯಾ?"

"ಕೇಳು ಮಗಳೇ! ಏನು ಬೇಕಾದ್ರೂ ಕೇಳು!"

"ನಾನು ಬಸ್ಸಲ್ಲಿ ಒಬ್ಬಳೇ ಹೋಗ್ತೀನಿ. ನೀನು ಆ ಶಾಲೆ ಕಡೆ ಬರ್ಬೇಡ. ಅಲ್ಲಿ ನನ್ನ ಯಾರಿಗೂ ಗೊತ್ತಿಲ್ಲ ಅಪ್ಪಾ. ನಾನೇ ನಾನಾಗಿ ಪರಿಚಯ ಮಾಡ್ಕೋತೀನಿ."

ಮೇಷ್ಟ್ರ ಮುಖ ಸಪ್ಪಗಾಯಿತು. ಆದರೂ ಗಂಟಲು ಸರಿಪಡಿಸಿಕೊಂಡು, "ಸ್ಟಿಯರಿಂಗ್ ಮೇಲೆ ಆಣೆ, ಆ ಕಡೆ ತಲೆ ಹಾಕಿ ಕೂಡ ಮಲಗೋದಿಲ್ಲ!" ಎಂದುಬಿಟ್ಟರು. ಹೆಂಡತಿ ಅಡುಗೆಮನೆಯಿಂದಲೇ ಒಮ್ಮೆ ಕೆಮ್ಮಿದರು.

ಬರುವುದಿಲ್ಲ ಎಂದಮೇಲೆ ತಯಾರಿಯನ್ನಾದರೂ ಮಾಡಿಸಬೇಕಲ್ಲ? ಅಲ್ಲಿಂದ ಶುರುವಾಯಿತು ನೋಡಿ ತರಬೇತಿ! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಇಲ್ಲಿ ಗಾಬರಿ ಅಪ್ಪನಿಗೆ, ಡ್ರಿಲ್ಲು ಮಗಳಿಗೆ. ಹಜಾರದ ಕುರ್ಚಿಗಳನ್ನೆಲ್ಲ ಸಾಲಾಗಿ ಇಟ್ಟು ಅದಕ್ಕೆ 'ಕಾರಿಡಾರ್' ಎಂದು ಹೆಸರಿಟ್ಟರು. ತುಂಬಿದ ಬ್ಯಾಗು ಹೊತ್ತು ಹುಡುಗಿ ಅದರ ನಡುವೆ ನಡೆಯಬೇಕು. ತಿರುವಿನಲ್ಲಿ ನಿಲ್ಲಬೇಕು, ಬಲಕ್ಕೆ ನೋಡಬೇಕು, ಎಡಕ್ಕೆ ನೋಡಬೇಕು, ಮತ್ತೆ ಬಲಕ್ಕೆ ನೋಡಿ ಲ್ಯಾಬಿಗೆ ಹೋಗಬೇಕು! ಲ್ಯಾಬು ಎಂದರೆ ಬಚ್ಚಲುಮನೆ. ಸ್ನಾನಕ್ಕೆ ಹೊರಟ ಹೆಂಡತಿ ಟವೆಲ್ ಹಿಡಿದು ಮೂಲೆಯಲ್ಲಿ ಕಾದು ನಿಂತರು. "ನನಗೆ ಗ್ರೀನ್ ಸಿಗ್ನಲ್ ಯಾವಾಗ ರೀ?" ಎಂದು ಕೇಳಿದರೆ, "ಮಕ್ಕಳು ದಾಟ್ಲಿ ತಾಳು!" ಎಂಬ ಉತ್ತರ.

ಹೈಸ್ಕೂಲಿನಲ್ಲಿ ಪೋಷಕರ ಸಭೆ ನಡೆದಾಗ ಹೆಂಡತಿ ಒಬ್ಬರೇ ಹೋಗಿಬಂದರು. ಇವರನ್ನು ಕರೆದುಕೊಂಡು ಹೋಗಿದ್ದರೆ ಸಭೆಯಲ್ಲಿ ಎದ್ದು ನಿಂತು ಕಾರಿಡಾರಿನಲ್ಲಿ ಓವರ್‌ಟೇಕ್ ಮಾಡಬಹುದೇ ಎಂದು ಕೇಳುತ್ತಿದ್ದರು, ಅದರಲ್ಲಿ ಅನುಮಾನವೇ ಇಲ್ಲ.

ಅಂತೂ ಆ ದಿನ ಬಂತು. ಹುಡುಗಿ ಬೆಳಗ್ಗೆ ತಾನೇ ಎದ್ದಳು, ತಾನೇ ಜಡೆ ಹಾಕಿಕೊಂಡಳು, ತಾನೇ ಹೊರಟಳು. ಬಾಗಿಲಲ್ಲಿ ಒಂದೇ ಮಾತು.

"ಅಪ್ಪಾ, ನೆನಪಿದೆ ಅಲ್ವಾ?"

"ಅಯ್ಯೋ, ಆಣೆ ಹಾಕಿದೀನಲ್ಲ!"

ಮೇಷ್ಟ್ರು ಬಾಗಿಲು ಹಾಕಿದರು. ಕಿಟಕಿ ತೆಗೆದರು. ಕಿಟಕಿಯಿಂದ ಬಸ್ ಸ್ಟಾಪು ಕಾಣಲಿಲ್ಲ ಎಂದು ಟೆರೇಸು ಹತ್ತಿದರು. ಅಲ್ಲಿಂದ ಅವಳ ಜಡೆ ಮಾತ್ರ ಕಂಡಿತು. ಆ ಜಡೆ ಬಸ್ಸು ಹತ್ತಿದ್ದೇ ತಡ, ಮೇಷ್ಟ್ರು ಟೆರೇಸಿನ ಮೆಟ್ಟಿಲು ದಡದಡನೆ ಇಳಿದರು. ಬಸ್ಸಿನಲ್ಲಿ ಸೀಟು ಸಿಕ್ಕಿತೋ ಇಲ್ಲವೋ, ಸರಿಯಾದ ಸ್ಟಾಪಿನಲ್ಲಿ ಇಳಿಯುತ್ತಾಳೋ ಇಲ್ಲವೋ! ಇಷ್ಟು ದಿನ ಅವಳ ಪಕ್ಕದಲ್ಲಿ ಕೂತು ಹೋಗಿದ್ದ ಮನುಷ್ಯ ಮೊದಲ ಸಲ ಪಕ್ಕದ ಸೀಟಿನಿಂದ ಇಳಿದಿದ್ದರು. ಅವರಿಗೆ ಅಳು ಬರುವಂತಿತ್ತು, ಇರುವುದನ್ನು ಇದ್ದಹಾಗೆ ಹೇಳಿಬಿಡೋಣ.

ಕೆಳಗೆ ಆ ಹೊತ್ತಿನ ವಿದ್ಯಾರ್ಥಿನಿ ಬಂದು ಕಾರಿನಲ್ಲಿ ಕೂತಾಗಿತ್ತು. ಈಕೆ ಹೆರಿಗೆ ವಾರ್ಡಿನಲ್ಲಿ ದುಡಿದು ನಿವೃತ್ತರಾದ ನರ್ಸಮ್ಮ. ಮಕ್ಕಳು ಕಾರು ಕೊಡಿಸಿ, ಓಡಿಸಲು ಪುರಸೊತ್ತಿಲ್ಲ ಅಂದದ್ದರಿಂದ ರೇಗಿ, ತಾವೇ ಕಲಿಯಲು ಬಂದವರು. ಕಾರಿನ ನೆತ್ತಿಯ ಮೇಲೆ ಡ್ರೈವಿಂಗ್ ಶಾಲೆಯ ಹೆಸರಿನ ಹಳದಿ ಬೋರ್ಡು, ಮೇಷ್ಟ್ರ ಕಾಲಬುಡದಲ್ಲಿ ಅವರದೇ ಒಂದು ಪ್ರತ್ಯೇಕ ಬ್ರೇಕು.

"ಇವತ್ತು ಯಾವ ಕಡೆ ಮೇಷ್ಟ್ರೇ?"

ಪಾಠಕ್ಕೆ ರಸ್ತೆ ಬೇಕು, ರಸ್ತೆ ಯಾವುದಾದರೇನು? ಶಾಲೆಗೆ ಹೋಗುವುದಿಲ್ಲ ಎಂದು ತಾನೇ ಆಣೆ? ಶಾಲೆಯ ಮುಂದಿನ ರಸ್ತೆ ಶಾಲೆಯಪ್ಪನದ್ದಲ್ಲವಲ್ಲ! ಹೀಗೆ ತಮಗೆ ತಾವೇ ವಕೀಲಿ ಮಾಡಿಕೊಂಡು ಮೇಷ್ಟ್ರು ಬೆರಳು ತೋರಿಸಿದರು.

"ಆ ಬಸ್ಸಿನ ಹಿಂದೆ ಹೋಗಿ."

"ಯಾಕೆ? ಬಸ್ಸಲ್ಲಿ ಯಾರಿದಾರೆ?"

"ಯಾರೂ ಇಲ್ಲ! ದೊಡ್ಡ ಗಾಡಿ ಹಿಂದೆ ಹೋಗೋದು ಒಂದು ಪಾಠ!"

ನರ್ಸಮ್ಮ ಹೊರಟರು. ಬಸ್ಸು ನಿಂತಲ್ಲೆಲ್ಲ ಇವರೂ ನಿಂತರು. ಹಿಂದಿನ ಗಾಡಿಗಳು ಹಾರನ್ ಬಾರಿಸಿ ಬಾರಿಸಿ ಸುಸ್ತಾದವು. ಪ್ರತಿ ಸ್ಟಾಪಿನಲ್ಲೂ ಮೇಷ್ಟ್ರು ಕತ್ತು ಹೊರಗೆ ಹಾಕಿ, ಇಳಿದವರನ್ನೆಲ್ಲ ನೋಡಿ, ಕತ್ತು ಒಳಗೆ ಎಳೆದುಕೊಂಡರು. ನರ್ಸಮ್ಮ ಓರೆಗಣ್ಣಲ್ಲಿ ನೋಡಿ, "ಉಸಿರು ಬಿಡಿ ಮೇಷ್ಟ್ರೇ. ಉಸಿರು ಬಿಗಿ ಹಿಡೀಬಾರ್ದು" ಎಂದರು. ಎಷ್ಟಾದರೂ ಹಳೆಯ ಅಭ್ಯಾಸ.

ಹೈಸ್ಕೂಲ್ ಸ್ಟಾಪು ಬಂತು. ಮಗಳು ಇಳಿದಳು, ಜೊತೆಗೆ ಇನ್ನೊಬ್ಬಳು ಹುಡುಗಿ. ಮೇಷ್ಟ್ರು ಸೀಟಿನಲ್ಲಿ ಕುಸಿದು ಕೂತು ಡ್ಯಾಶ್‌ಬೋರ್ಡಿನ ಮೇಲೆ ಕಣ್ಣು ಮಾತ್ರ ಇಟ್ಟರು. ಅಷ್ಟರಲ್ಲಿ ನೋಡಿದರೆ ಏನಾಶ್ಚರ್ಯ! ಶಾಲೆ ಇರುವುದು ಎಡಕ್ಕೆ, ಹುಡುಗಿಯರಿಬ್ಬರೂ ರಸ್ತೆ ದಾಟಿ ಹೊರಟದ್ದು ಬಲಕ್ಕೆ!

"ಅಯ್ಯಯ್ಯೋ, ದಾರಿ ತಪ್ಪಿದಳು! ತಿರುಗಿಸಿ! ಗಾಡಿ ತಿರುಗಿಸಿ!"

"ಎಲ್ಲಿಗೆ ತಿರುಗಿಸ್ಲಿ?"

"ಎಲ್ಲಿ ಜಾಗ ಇದೆಯೋ ಅಲ್ಲಿಗೆ!"

ನರ್ಸಮ್ಮ ವಿಧೇಯ ವಿದ್ಯಾರ್ಥಿನಿ. ಸುತ್ತ ನೋಡಿದರು. ಆ ರಸ್ತೆಯಲ್ಲಿ ಜಾಗ ಎಂದು ಕಂಡದ್ದು ಒಂದೇ, ಹೈಸ್ಕೂಲಿನ ಗೇಟು. ಅದರದ್ದೂ ಒಂದು ಬಾಗಿಲು ಮಾತ್ರ ತೆರೆದಿತ್ತು. ಆಕೆ ಸ್ಟಿಯರಿಂಗ್ ಪೂರ್ತಿ ಎಡಕ್ಕೆ ಎಳೆದರು. ಮೇಷ್ಟ್ರು 'ಅಲ್ಲಲ್ಲ!' ಎಂದು ಕಿರುಚಿ ತಮ್ಮ ಬ್ರೇಕನ್ನು ಎರಡೂ ಕಾಲಲ್ಲಿ ತುಳಿದರು. ಕಾರು ಒಮ್ಮೆ ಬಿಕ್ಕಳಿಸಿ, ಗೇಟಿನ ನಡುವೆ ಅಡ್ಡಡ್ಡ ನಿಂತಿತು. ಮೂತಿ ಶಾಲೆಯಲ್ಲಿ, ಬಾಲ ರಸ್ತೆಯಲ್ಲಿ. ಮೇಷ್ಟ್ರ ಬಾಗಿಲಿಗೆ ಕಲ್ಲಿನ ಕಂಬ, ನರ್ಸಮ್ಮನ ಬಾಗಿಲಿಗೆ ಮುಚ್ಚಿದ ಗೇಟಿನ ಕಬ್ಬಿಣ. ಇಬ್ಬರೂ ಇಳಿಯುವಂತಿಲ್ಲ.

"ರಿವರ್ಸ್ ಹಾಕಿ ರಿವರ್ಸ್!"

"ನೀವಿನ್ನೂ ಹೇಳ್ಕೊಟ್ಟಿಲ್ಲ."

ಹೌದು. ಮುಂದೆ ಹೋಗಲು ಬಾರದವರಿಗೆ ಹಿಂದೆ ಹೋಗಲು ಕಲಿಸಬಾರದು ಎಂಬುದು ಮೇಷ್ಟ್ರ ಶಾಲೆಯ ಘನ ಸಿದ್ಧಾಂತ. ಅದನ್ನವರು ಗೋಡೆಯ ಮೇಲೆ ದೊಡ್ಡಕ್ಷರದಲ್ಲಿ ಬರೆಸಿಯೂ ಇದ್ದರು. ಯಾರ ಹತ್ತಿರ ಜಗಳವಾಡುವುದು?

"ಸ್ಟಿಯರಿಂಗ್ ಎಡಕ್ಕೆ ತಿರುಗಿಸಿ! ಅಲ್ಲ, ಬಲಕ್ಕೆ! ಛೆ, ಹಿಂದೆ ಹೋಗೋವಾಗ ಬಲ ಅಂದ್ರೆ... ಇರಿ, ನಾನೇ ಹಿಂದಿನ ಬಾಗಿಲಿಂದ ಇಳೀತೀನಿ!"

ಎರಡು ಸೀಟುಗಳ ನಡುವೆ ತಲೆ ತೂರಿಸಿದರು. ತಲೆ ಹೋಯಿತು, ಭುಜ ಹೋಯಿತು, ಹೊಟ್ಟೆ ಮಾತ್ರ ಹೋಗಲಿಲ್ಲ. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಒದ್ದಾಡಿ ಒದ್ದಾಡಿ ಬೀಸಿದ ಬಲಗಾಲಿನ ಬೂಟು ನೆಟ್ಟಗೆ ಸ್ಟಿಯರಿಂಗಿನ ಹಾರನ್ ಮೇಲೆ ಊರಿತು.

ಪೀಂಂಂಂಂಂ!

ಒಳಗೆ ಮೈದಾನದಲ್ಲಿ ಮಕ್ಕಳೆಲ್ಲ ಸಾಲಾಗಿ ನಿಂತಿದ್ದರು. ಹೆಡ್ ಮೇಡಂ ಮೈಕಿನ ಮುಂದೆ ನಿಂತು 'ಇಂದು ನಿಮ್ಮ ಬದುಕಿನ ಹೊಸ ಬಾಗಿಲು ತೆರೆಯುತ್ತಿದೆ' ಎಂದು ಹೇಳುತ್ತಿದ್ದರು. ಮಕ್ಕಳೆಲ್ಲ ಒಟ್ಟಿಗೆ ಬಾಗಿಲ ಕಡೆ ತಿರುಗಿದರು. ಅಲ್ಲಿ ಹಳದಿ ಬೋರ್ಡಿನ ಒಂದು ಕಾರು ಒಂದೇ ಸಮ ಅರಚುತ್ತಿತ್ತು, ಅದರ ಗಾಜಿನಲ್ಲಿ ಒಬ್ಬ ಗಂಡಸಿನ ಕಾಲು ಕಾಣುತ್ತಿತ್ತು.

ನರ್ಸಮ್ಮ ಆ ಕಾಲಿಗೆ ಚಟೀರೆಂದು ಒಂದು ಕೊಟ್ಟು, ಬೆಲ್ಟ್ ಹಿಡಿದು ಎಳೆದು ಮೇಷ್ಟ್ರನ್ನು ಸೀಟಿಗೆ ವಾಪಸ್ ತಂದರು.

"ಸುಮ್ನೆ ಕೂತ್ಕೊಳ್ಳಿ! ಒಳಗೆ ಹೆಂಗಸು ತನ್ನ ಪಾಡಿಗೆ ತಾನು ಹೆರ್ತಾ ಇದ್ರೆ, ಹೊರಗೆ ಗಂಡ ಕೂಗಾಡಿ ಗೋಡೆ ಗುದ್ದೋದು! ನನ್ನ ಜನ್ಮದಲ್ಲಿ ನಿಮ್ಮಂಥೋರ್ನ ಎಷ್ಟು ನೋಡಿಲ್ಲ!"

ಗೇಟಿನ ಹೊರಗೆ ತಡವಾಗಿ ಬಂದ ಮಕ್ಕಳು, ಸ್ಕೂಟರಿನ ಟೀಚರು, ಪುಸ್ತಕದ ಗಾಡಿ ಎಲ್ಲ ಜಮಾಯಿಸಿದ್ದವು. ಮೇಷ್ಟ್ರು ಪಕ್ಕದ ಕನ್ನಡಿಯಲ್ಲಿ ನೋಡಿದರು. ಆ ಗುಂಪಿನೊಳಗಿಂದ ಮಗಳು ಬರುತ್ತಿದ್ದಳು. ಪಕ್ಕದ ಹುಡುಗಿಯ ಕೈಯಲ್ಲಿ ಹೊಸದಾಗಿ ಕೊಂಡ ಒಂದು ಪೆನ್ನು. ಪೆನ್ನು ಮರೆತು ಬಂದವಳ ಜೊತೆ ಎದುರಿನ ಅಂಗಡಿಗೆ ಹೋಗಿದ್ದಳು, ಅಷ್ಟೇ. ದಾರಿ ತಪ್ಪಿದ್ದು ಅವಳಲ್ಲ.

ಮಗಳು ನಗುತ್ತ ಏನೋ ಹೇಳುತ್ತಿದ್ದವಳು ಕಾರು ಕಂಡು ನಿಂತುಬಿಟ್ಟಳು. ನಗು ನಿಂತಿತು. ಮೇಷ್ಟ್ರಿಗೆ ನಿಜಕ್ಕೂ ನಾಚಿಕೆಯಾಯಿತು. ಅವಳು ಕೇಳಿದ್ದು ಒಂದೇ ಒಂದು, ಅದನ್ನೂ ಕೊಡಲಾಗಲಿಲ್ಲ. ಅವರು ಸೀಟಿನಿಂದ ಜಾರಿ ಜಾರಿ ಬ್ರೇಕಿನ ಪಕ್ಕಕ್ಕೆ ಮಡಚಿಕೊಂಡು ಕೂತರು. 'ನೋಡಬೇಡ ಮಗಳೇ, ಗುರುತು ಸಿಗಲಿಲ್ಲ ಅನ್ನು, ಗೋಡೆ ಹತ್ತಿಯಾದರೂ ಒಳಗೆ ಹೋಗು' ಎಂದು ಮನಸ್ಸಿನಲ್ಲೇ ಬೇಡಿಕೊಂಡರು.

ಹುಡುಗಿ ಒಮ್ಮೆ ಕಾರನ್ನು, ಒಮ್ಮೆ ಹೊರಗೆ ಕಾದು ನಿಂತವರನ್ನು ನೋಡಿದಳು. ಆಮೇಲೆ ಬ್ಯಾಗು ಹೆಗಲಿಂದ ಕಳಚಿ ಹೊಸ ಗೆಳತಿಯ ಕೈಗೆ ಕೊಟ್ಟು, ಕಾರಿನ ಹಿಂದೆ ಬಂದು ನಿಂತಳು. ಹುಟ್ಟಿದಾರಭ್ಯ ಊಟಕ್ಕೆ ಕೂತಾಗಲೂ ಕೇಳಿದ್ದು ಇದೇ ಪಾಠ.

"ಅಜ್ಜೀ, ಕನ್ನಡೀಲಿ ನಾನು ಕಾಣ್ತಿದೀನಾ? ಕ್ಲಚ್ ಪೂರ್ತಿ ಒತ್ತಿ. ಗೇರ್ ಹಿಂದಕ್ಕೆ ಹಾಕಿ. ಈಗ ಕ್ಲಚ್ ನಿಧಾನಕ್ಕೆ ಬಿಡಿ, ಇನ್ನೂ ನಿಧಾನ... ಹಾಂ, ಹಾಗೇ. ಸ್ಟಿಯರಿಂಗ್ ನನ್ನ ಕೈ ಇರೋ ಕಡೆ. ಭಯ ಪಡ್ಬೇಡಿ. ಪಕ್ಕದಲ್ಲಿ ಕೂತಿರೋರ ಮಾತು ಮಾತ್ರ ಕೇಳ್ಬೇಡಿ!"

"ಕೇಳೋದಿಲ್ಲ ಕಂದಾ! ಅವರೀಗ ಕೆಳಗಡೆ ಇದಾರೆ!" ಎಂದರು ನರ್ಸಮ್ಮ.

ಕಾರು ಇಂಚಿಂಚಾಗಿ ಹಿಂದೆ ಸರಿಯಿತು. ಒಂದು ಗೀರೂ ಬೀಳದೆ ಗೇಟಿನಿಂದ ಬಿಡಿಸಿಕೊಂಡು ರಸ್ತೆಯ ಅಂಚಿಗೆ ಬಂದು ನಿಂತಿತು. ಹೊರಗಿನ ಮಕ್ಕಳು ಚಪ್ಪಾಳೆ ತಟ್ಟಿದರು. ಒಳಗಿನವರೂ ತಟ್ಟಿದರು. ಮೇಷ್ಟ್ರು ಮೆಲ್ಲಗೆ ತಲೆ ಎತ್ತುವಷ್ಟರಲ್ಲಿ ಹೆಡ್ ಮೇಡಂ ಸರಸರನೆ ಬಂದು ನಿಂತಿದ್ದರು. ಅವರ ಕಣ್ಣು ಮೊದಲು ಕಾರಿನ ಮೇಲೆ, ಆಮೇಲೆ ಹುಡುಗಿಯ ಮೇಲೆ.

"ಯಾರಮ್ಮ ಇವರು? ನಿನಗೆ ಗೊತ್ತಿರೋರಾ?"

ಎಲ್ಲರೂ ಕಿವಿ ನಿಮಿರಿಸಿದರು. ಮೇಷ್ಟ್ರು ಉಸಿರು ಬಿಗಿಹಿಡಿದರು. ಇಲ್ಲ ಅನ್ನು, ಇಲ್ಲ ಅನ್ನು!

ಹುಡುಗಿ ಗೆಳತಿಯ ಕೈಯಿಂದ ಬ್ಯಾಗು ತೆಗೆದುಕೊಂಡು ಹೆಗಲಿಗೇರಿಸಿದಳು.

"ನಮ್ಮಪ್ಪ, ಮೇಡಂ. ಹೈಸ್ಕೂಲಿಗೆ ಇವತ್ತು ಅವರಿಗೆ ಮೊದಲನೇ ದಿನ. ಸ್ವಲ್ಪ ಗಾಬರಿಯಾಗಿದಾರೆ."

ಹೆಡ್ ಮೇಡಂ ಒಮ್ಮೆ ಮೇಷ್ಟ್ರನ್ನು ನೋಡಿದರು. ಅವರ ಸಿಟ್ಟೆಲ್ಲ ಎಲ್ಲಿಗೋ ಹೋಯಿತು. ಕಿಟಕಿಯ ಹತ್ತಿರ ಬಗ್ಗಿ, ಎಳೆ ಮಕ್ಕಳನ್ನು ಸಮಾಧಾನ ಮಾಡುವ ದನಿಯಲ್ಲಿ, "ಹೆದರ್ಕೋಬಾರ್ದು. ಎಲ್ಲಿ, ಕಣ್ಣೊರೆಸ್ಕೊಳ್ಳಿ ನೋಡೋಣ. ಸಂಜೆ ಮನೆಗೆ ಕಳಿಸಿಕೊಡ್ತೀವಿ, ಆಯ್ತಾ?" ಎಂದರು.

"ಆಯ್ತು ಮಿಸ್" ಎಂದರು ಮೇಷ್ಟ್ರು.