ಕಾಲು ನೆಲ ಮುಟ್ಟುವ ಗಾಡಿ

ವಯಸ್ಸು, ಸಂಬಳ, ಆರೋಗ್ಯ, ಇವುಗಳ ಬಗ್ಗೆ ಮನುಷ್ಯ ಬೇಕಾದಷ್ಟು ಸುಳ್ಳು ಹೇಳಬಹುದು. ಎತ್ತರದ ಬಗ್ಗೆ ಮಾತ್ರ ಹೇಳಲಾಗುವುದಿಲ್ಲ, ಏಕೆಂದರೆ ಕೇಳುವವರಿಗೆ ಕಣ್ಣುಗಳಿರುತ್ತವೆ. ಆದ್ದರಿಂದ ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ನಾನು ಕುಳ್ಳ. ಬ್ಯಾಡಗಿಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ನಾನು ಪಾಠ ಮಾಡುವ ಕೋಣೆಯಲ್ಲಿ ಕರಿಹಲಗೆಯ ಮೇಲಿನ ಅರ್ಧ ವರ್ಷವಿಡೀ ಸ್ವಚ್ಛವಾಗಿರುತ್ತದೆ. ಆ ಭಾಗವನ್ನು ಬೇಕೆಂದೇ ಗಣಿತದವರಿಗೆ ಬಿಟ್ಟಿದ್ದೇನೆ ಎಂದು ಮಕ್ಕಳು ನಂಬಿದ್ದಾರೆ, ಅಥವಾ ನಂಬಿದಂತೆ ನಟಿಸುತ್ತಾರೆ.

ಮನೆ ಇರುವುದು ಹಾವೇರಿಯಲ್ಲಿ. ದಿನಾ ಹೋಗಿಬರುವುದಕ್ಕೆ ನನ್ನ ಹತ್ತಿರ ಒಂದು ಸಣ್ಣ ಮೋಟಾರ್ ಸೈಕಲ್ಲಿದೆ. ಹಳೆಯದು, ಹಗುರ. ಎಷ್ಟು ಹಗುರವೆಂದರೆ, ಇಕ್ಕಟ್ಟಾದ ಜಾಗದಲ್ಲಿ ಸಿಕ್ಕಿಬಿದ್ದರೆ ಹಿಂದಿನ ಗಾಲಿಯನ್ನು ಎತ್ತಿ ದಿಕ್ಕು ತಿರುಗಿಸಿ ಇಟ್ಟು ಹೊರಟುಬಿಡಬಹುದು. ಪೆಟ್ರೋಲು ಮುಗಿದು ನಿಂತರೆ ಮಗುವನ್ನು ಮಲಗಿಸಿದ ಹಾಗೆ ಒಂದು ಮಗ್ಗುಲಿಗೆ ವಾಲಿಸಿದರೆ ಸಾಕು, ಎಲ್ಲೋ ಮೂಲೆಯಲ್ಲಿ ಅಡಗಿದ್ದ ನಾಲ್ಕು ಹನಿ ಇಳಿದು ಬಂದು ಬಂಕಿನವರೆಗೆ ಮುಟ್ಟಿಸುತ್ತವೆ. ಸಂಜೆ ಮನೆಗೆ ಬಂದರೆ ಹೊಸ್ತಿಲಿಗೆ ಒಂದು ಹಲಗೆ ಕೊಟ್ಟು ಪಡಸಾಲೆಯೊಳಗೇ ತಂದು ನಿಲ್ಲಿಸುತ್ತೇನೆ. ಬಂದ ನೆಂಟರು ಅದರ ಸೀಟಿನ ಮೇಲೆ ಶಾಲು ಇಡುತ್ತಾರೆ. ಎಲ್ಲಕ್ಕಿಂತ ಹೆಚ್ಚಿನ ಮಾತೆಂದರೆ, ಅದರ ಮೇಲೆ ಕುಳಿತಾಗ ನನ್ನ ಎರಡೂ ಪಾದಗಳು ಹಿಮ್ಮಡಿ ಸಮೇತ ನೆಲಕ್ಕೆ ಊರುತ್ತವೆ. ಇದು ಎಂಥ ಸುಖ ಎಂಬುದನ್ನು ಎತ್ತರದವರಿಗೆ ತಿಳಿಸಿ ಹೇಳುವುದು ಕಷ್ಟ.

ಬ್ಯಾಡಗಿಯಲ್ಲಂತೂ ಇದು ಬರೀ ಸುಖವಲ್ಲ, ಅವಶ್ಯಕತೆ. ಮೆಣಸಿನಕಾಯಿ ಸೀಜನ್ನಿನಲ್ಲಿ ಪೇಟೆಯ ರಸ್ತೆಗೆ ಕಾಲಿಟ್ಟರೆ ಮೂಗಿಗೆ ಎಷ್ಟೇ ಕರವಸ್ತ್ರ ಕಟ್ಟಿದರೂ ಸೀನು ಬಂದೇ ಬರುತ್ತದೆ. ಊರಿನವರು ಒಂದು ಕೈಯಲ್ಲಿ ಹ್ಯಾಂಡಲ್ ಹಿಡಿದು, ಸೀನುತ್ತಲೇ ವ್ಯವಹಾರ ಕುದುರಿಸುತ್ತಾರೆ. ನನಗೆ ಆ ಅಭ್ಯಾಸವಿಲ್ಲ. ಸೀನು ಬರುವ ಸೂಚನೆ ಸಿಕ್ಕ ಕೂಡಲೇ ಎರಡೂ ಕಾಲು ನೆಲಕ್ಕೆ ಊರಿ, ಕಣ್ಣು ಮುಚ್ಚಿ, ನಿಶ್ಚಿಂತೆಯಿಂದ ಸೀನಿ, ಮುಂದೆ ಸಾಗುತ್ತೇನೆ.

ಇನ್ನು ಮೋಟೆಬೆನ್ನೂರಿನ ಕ್ರಾಸಿನಲ್ಲಿ ಗಂಗವ್ವ ನಿಂತಿರುತ್ತಾಳೆ. ಬ್ಯಾಡಗಿಗೆ ಮೆಣಸಿನಕಾಯಿ ತೊಟ್ಟು ಬಿಡಿಸಲು ಹೋಗುವ ಮುದುಕಿ. ನಾನು ಅವಳಿಗೆ ಲಿಫ್ಟ್ ಕೊಡುತ್ತೇನೆ ಎಂದರೆ ತಪ್ಪಾದೀತು. ಅವಳೇ ತೆಗೆದುಕೊಳ್ಳುತ್ತಾಳೆ. "ನಿಂದರಸಬ್ಯಾಡೋ ಮಾಸ್ತರ, ಸಾವಕಾಶ ಮಾಡು ಸಾಕು, ನಾ ಹತ್ತತೀನಿ" ಎನ್ನುತ್ತ, ಚಲಿಸುತ್ತಿರುವ ಗಾಡಿಯ ಹಿಂದೆ ಮನೆಕಟ್ಟೆಯ ಮೇಲೆ ಕೂರುವಷ್ಟು ಸಲೀಸಾಗಿ ಅಡ್ಡ ಕೂತುಬಿಡುತ್ತಾಳೆ. ಕೂತ ಕೂಡಲೇ ಸುದ್ದಿ ಶುರು. ಯಾರ ಮನೆಯ ಎಮ್ಮೆ ಈಯಿತು, ಯಾರ ಸೊಸೆ ತವರಿಗೆ ಹೋದಳು, ಯಾಕೆ ಹೋದಳು, ಹೋದದ್ದು ಯಾಕೆ ಸರಿ. ಸ್ಟಾಫ್ ರೂಮಿನಲ್ಲಿ ನನ್ನನ್ನು ಲೋಕಜ್ಞಾನಿ ಎಂದು ಕರೆಯುವವರಿಗೆ ಈ ಮೂಲ ಗೊತ್ತಿಲ್ಲ.

ಇಷ್ಟು ಸುಖವಾಗಿದ್ದವನಿಗೆ ತಾಪತ್ರಯ ಬಂದದ್ದು ಒಂದು ವಲೀಮಾದಿಂದ, ಅಂದರೆ ನಿಕಾಹ್ ಆದಮೇಲೆ ಗಂಡಿನವರು ಹಾಕುವ ಊಟದಿಂದ. ರಾಣೆಬೆನ್ನೂರಿನಲ್ಲಿ ನನ್ನ ಹೆಂಡತಿ ಶಂಷಾದಳ ಸಂಬಂಧಿಕರ ಮದುವೆ. ನಾವು ಜರತಾರಿ ಬಟ್ಟೆ ತೊಟ್ಟು ನಮ್ಮ ಸಣ್ಣ ಗಾಡಿಯ ಮೇಲೆ ಹೋಗಿ ಇಳಿದೆವು. ಯಾರೂ ನೋಡಲಿಲ್ಲ. ಅಷ್ಟರಲ್ಲಿ ಓಣಿಯ ಆ ತುದಿಯಿಂದ ಗುಡುಗು ಕೇಳಿತು. ಎಲ್ಲರೂ ತಿರುಗಿ ನೋಡಿದರು. ಶಂಷಾದಳ ಅಕ್ಕನ ಗಂಡ ಗೌಸ್ ಭಾಯ್, ರಾಣೆಬೆನ್ನೂರಿನಲ್ಲಿ ಬೀಜದ ಅಂಗಡಿ ಇಟ್ಟವರು, ಆಳೆತ್ತರದ ತಮ್ಮ ದೊಡ್ಡ ಗಾಡಿಯ ಮೇಲೆ ಬಂದರು. ಹಿಂದಿನ ಸೀಟಿನಿಂದ ಅಕ್ಕ ಅಂಬಾರಿಯಿಂದ ಇಳಿದ ಹಾಗೆ ಇಳಿದಳು. ವಿಡಿಯೋದವನು ಓಡಿಬಂದು, ಇಳಿದದ್ದು ಸರಿಯಾಗಿ ಬಂದಿಲ್ಲವೆಂದು ಇನ್ನೊಮ್ಮೆ ಹತ್ತಿಸಿ ಇಳಿಸಿದ.

ನಮ್ಮ ಮನೆಮಾತು ಉರ್ದು. ಆದರೆ ಶಂಷಾದಳಿಗೆ ಖರೇ ಸಿಟ್ಟು ಬಂದರೆ ಕನ್ನಡಕ್ಕೆ ಇಳಿಯುತ್ತಾಳೆ, ಓಣಿಯವರೆಲ್ಲ ಸಾಕ್ಷಿಗೆ ಸಿಗಲಿ ಎಂದು. ಅಂದು ಬಿರಿಯಾನಿಯ ಪಂಕ್ತಿಯಲ್ಲೇ ಕನ್ನಡ ಬಂತು. "ಅಕ್ಕ ಇಳದ್ರ ಮಂದಿ ಎದ್ದು ನಿಂದರ್ತಾರ. ನಾ ಇಳದ್ರ, ಹೊರಸಿನ ಮ್ಯಾಲಿಂದ ಎದ್ದು ಬಂದಾಳೇನೋ ಅಂತ ನೋಡ್ತಾರ."

ಗೌಸ್ ಭಾಯ್ ಉದಾರಿ. ದಿನವಿಡೀ ರೈತರೊಡನೆ ಮಾತಾಡಿ ಅವರ ನಾಲಿಗೆಯಲ್ಲೂ ಕನ್ನಡವೇ ಕುಳಿತಿದೆ. ಎಲ್ಲರ ಎದುರಿಗೆ ನನ್ನ ಬೆನ್ನು ತಟ್ಟಿ, "ಮಾಸ್ತರ, ಒಂದು ವಾರ ನನ್ನ ಗಾಡಿ ನೀ ಇಟ್ಕೋ. ನಿಂದು ನಾ ಹೊಡೀತೀನಿ. ರುಚಿ ಹತ್ತಿದ್ರ ನೀನೂ ಒಂದು ತಗೊಳ್ಳುವಂತಿ" ಎಂದರು. ಪಂಕ್ತಿಯವರೆಲ್ಲ ತುತ್ತು ನಿಲ್ಲಿಸಿ ನನ್ನ ಮುಖ ನೋಡಿದರು. ಆ ಗಳಿಗೆಯಲ್ಲಿ ಬೇಡ ಎನ್ನಬೇಕಾದರೆ ಕಾರಣ ಹೇಳಬೇಕಿತ್ತು. ಕಾರಣ ನನ್ನ ಕಾಲಿನಲ್ಲಿತ್ತು. ನಾನು ಕೀಲಿ ಇಸಿದುಕೊಂಡೆ.

ಮರುದಿನವೇ ನನಗೆ ತಿಳಿದದ್ದು ಇಷ್ಟು: ದೊಡ್ಡ ಗಾಡಿಯವನು ಬೇಕಾದಲ್ಲಿ ನಿಲ್ಲುವ ಹಾಗಿಲ್ಲ, ಕಲ್ಲು ಇದ್ದಲ್ಲಿ ನಿಲ್ಲಬೇಕು. ನನ್ನ ಕಾಲಿನ ಹೆಬ್ಬೆರಳು ನೆಲದ ಕಡೆಗೆ ಕೈಚಾಚಿದಂತೆ ಚಾಚಿಕೊಂಡಿರುತ್ತಿತ್ತು, ನೆಲ ಸಿಗುತ್ತಿರಲಿಲ್ಲ. ಹಾವೇರಿಯಿಂದ ಬ್ಯಾಡಗಿಯವರೆಗೆ ರಸ್ತೆಯ ಎಡಬದಿಗೆ ಎಲ್ಲೆಲ್ಲಿ ಕಲ್ಲು, ಕಟ್ಟೆ, ದಿಬ್ಬಗಳಿವೆ ಎಂದು ನನ್ನಷ್ಟು ಬಲ್ಲವರು ಈಗ ಲೋಕೋಪಯೋಗಿ ಇಲಾಖೆಯಲ್ಲೂ ಇರಲಾರರು. ಪೆಟ್ರೋಲ್ ಬಂಕಿನ ಕಟ್ಟೆ ಒಂದೇ ನಾನು ಮರ್ಯಾದೆಯಿಂದ ನಿಲ್ಲಬಹುದಾದ ಜಾಗ. ಶಾಲೆಯ ಗೇಟಿನ ಬಳಿ ಕಲ್ಲಿರಲಿಲ್ಲ. ಎದುರಿಗಿನ ಪಾನ್ ಅಂಗಡಿಗೆ ಕಲ್ಲಿನ ಮೆಟ್ಟಿಲಿತ್ತು. ದಿನಾ ಅಲ್ಲಿ ಇಳಿಯುತ್ತಿದ್ದೆ. ಸುಮ್ಮನೆ ಇಳಿದರೆ ಚೆನ್ನಾಗಿರುವುದಿಲ್ಲವೆಂದು ಅಡಿಕೆಪುಡಿ ಕೊಂಡು ಬಾಯಿಗೆ ಹಾಕಿಕೊಳ್ಳುತ್ತಿದ್ದೆ. "ಈ ವಯಸ್ಸಿನಾಗ ಹೊಸಾ ಚಟಾ ಹಚ್ಕೋಬ್ಯಾಡ್ರಿ ಸರ್" ಎಂದು ಹೆಡ್ ಮಾಸ್ತರರು ಒಮ್ಮೆ ನನ್ನೊಬ್ಬನನ್ನೇ ಕರೆದು ಬುದ್ಧಿ ಹೇಳಿದರು.

ಪೇಟೆಯಲ್ಲಿ ಸೀನು ಬಂತು. ಬರದೇ ಇರುತ್ತದೆಯೇ? ಅಭ್ಯಾಸಬಲದಿಂದ ಎರಡೂ ಕಾಲು ಬಿಟ್ಟೆ. ಎರಡೂ ಗಾಳಿಯಲ್ಲಿ ಉಳಿದವು. ಪುಣ್ಯಕ್ಕೆ ಬದಿಯಲ್ಲಿ ಮೆಣಸಿನಕಾಯಿ ಚೀಲಗಳ ರಾಶಿ ಇತ್ತು. ನಾನೂ ಗಾಡಿಯೂ ಅದರ ಮೇಲೆ ಒರಗಿದೆವು. ನನ್ನ ಸೀನು ಮಾತ್ರ ನಿಲ್ಲಲಿಲ್ಲ. ಹಮಾಲರು ಓಡಿಬಂದು ಎತ್ತಿದರು, ಗಾಡಿಯನ್ನು ಮೊದಲು, ನನ್ನನ್ನು ಆಮೇಲೆ. ಈ ವಿಷಯ ನಾನು ಮನೆಯಲ್ಲಿ ಹೇಳಲಿಲ್ಲ.

ಬಿದ್ದದ್ದಕ್ಕಿಂತ ಹೆಚ್ಚು ನೋವಾದದ್ದು ಗಂಗವ್ವನಿಂದ. ಕ್ರಾಸಿನಲ್ಲಿ ಅವಳು ಎಂದಿನಂತೆ ಎರಡು ಹೆಜ್ಜೆ ಓಡಿ ಬಂದಳು. ಸೀಟು ಅವಳ ಎದೆಯ ಮಟ್ಟಕ್ಕಿತ್ತು. ನಿಲ್ಲಿಸೋಣವೆಂದರೆ ಕಲ್ಲು ಇನ್ನೂ ದೂರ. ಅವಳು ಹಿಂದೆ ಉಳಿದಳು. "ದೊಡ್ಡ ಗಾಡಿ ಬಂತಂತ ನಮ್ಮನ್ನ ಮರತ್ಯೋ ಏನೋ ಮಾಸ್ತರ?" ಎಂದು ಕೂಗಿದ್ದು ಆ ಗುಡುಗಿನಲ್ಲೂ ಕೇಳಿಸಿತು. ತಿರುಗಿ ಹೋಗಿ, "ಇಲ್ಲ ಗಂಗವ್ವ, ಕಾಲು ನಿಲುಕಂಗಿಲ್ಲ" ಎನ್ನಬೇಕೆನ್ನಿಸಿತು. ತಿರುಗಿಸಲೂ ಜಾಗ ಬೇಕಲ್ಲ. ಮರುದಿನದಿಂದ ಅವಳು ನನ್ನನ್ನು ಕಂಡರೆ ಹೊಲದ ಕಡೆ ಮುಖ ಮಾಡಿ ನಿಲ್ಲುತ್ತಿದ್ದಳು. ಊರಿನ ಒಂದು ಸುದ್ದಿಯೂ ತಿಳಿಯದೆ ಸ್ಟಾಫ್ ರೂಮಿನಲ್ಲಿ ಪೇಪರು ಓದುವ ಗತಿ ಬಂತು.

ಶಂಷಾದಳೋ ಮೊದಲೆರಡು ದಿನ ಖುಷಿಯಿಂದ ಹಿಂದೆ ಕೂತು ಬಂದಳು. ನಮ್ಮ ಸಂಸಾರದ ಅರ್ಧ ಮಾತುಕತೆ ನಡೆದದ್ದೇ ಆ ಸಣ್ಣ ಗಾಡಿಯ ಮೇಲೆ. ಈ ದೊಡ್ಡದರ ಮೇಲೆ ಅವಳು ಮಾಳಿಗೆಯಲ್ಲಿ, ನಾನು ಅಂಗಳದಲ್ಲಿ. ನಡುವೆ ಆ ಸಪ್ಪಳ. ಮೂರನೆಯ ದಿನ ಅವಳು ಸಂತೆಗೆ ಆಟೋದಲ್ಲಿ ಹೋಗಿಬಂದಳು.

ಇಷ್ಟಾದರೂ ನನ್ನ ಬಾಯಿ ಸುಮ್ಮನಿರಲಿಲ್ಲ. ವಾರ ಮುಗಿದಾಗ ಗೌಸ್ ಭಾಯ್ ಫೋನು ಮಾಡಿ, "ಹ್ಯಾಂಗೈತಿ?" ಎಂದರು. ನಾನು ಪೂರ್ತಿ ಸೊಕ್ಕಿನಿಂದ, "ಏನ್ ಹೇಳ್ಲಿ ಭಾಯ್, ರಾಜಾನಂಗ ಕುಂತು ಹೋಗಾಕತ್ತೇನಿ" ಎಂದೆ. "ಹಂಗಾರ ಇನ್ನೊಂದು ವಾರ ಇರ್ಲಿ ಬಿಡು" ಎಂದು ಅವರು ಲಗೂನೆ ಫೋನು ಇಟ್ಟರು. ಅಷ್ಟು ಅವಸರದಿಂದ ಇಟ್ಟ ರೀತಿ ನನಗೆ ಸರಿ ಕಾಣಲಿಲ್ಲ.

ಮುಂದಿನ ಭಾನುವಾರ ಶಂಷಾದಳನ್ನು ಕೂರಿಸಿಕೊಂಡು ರಾಣೆಬೆನ್ನೂರಿಗೆ ಹೋದೆ. ಅವರ ಓಣಿಯ ತುದಿಯಲ್ಲಿಯೇ ಗೌಸ್ ಭಾಯ್ ಎದುರಾದರು. ಆ ದೊಡ್ಡ ದೇಹದ ಕೆಳಗೆ ನನ್ನ ಗಾಡಿ ಎಲ್ಲಿದೆ ಎಂದು ಹುಡುಕಬೇಕಿತ್ತು. ಮೊಣಕಾಲುಗಳು ಹ್ಯಾಂಡಲಿಗಿಂತ ಮೇಲಿದ್ದವು. ಕೊರಳಲ್ಲಿ ಮೆಂತ್ಯದ ಸೊಪ್ಪು ತುಂಬಿದ ಚೀಲ. ಅರ್ಧ ದಾರಿಯನ್ನು ಕಾಲಿನಿಂದಲೇ ತಳ್ಳುತ್ತ, ಕಟ್ಟೆ ಕಟ್ಟೆಗೂ ನಿಂತು, ಮುದುಕರ ಆರೋಗ್ಯ ವಿಚಾರಿಸುತ್ತ ಬರುತ್ತಿದ್ದರು. ಮುಖದಲ್ಲಿ ಹಬ್ಬದ ಕಳೆ. ನನ್ನ ಗಾಡಿಯ ಸೀಟಿಗೆ ಹೊಸ ಕವರು ಹೊಲಿಸಿದ್ದರು. ಎರವಲು ವಸ್ತುವಿಗೆ ಯಾರೂ ಕವರು ಹೊಲಿಸುವುದಿಲ್ಲ.

ಚಹಾ ಬಂದಮೇಲೆ ಅವರೇ ಮಾತು ತೆಗೆದರು. "ಖರೇ ಹೇಳ್ತೀನಿ ಮಾಸ್ತರ. ಇಷ್ಟು ವರ್ಷ ನಾ ಬರೋ ಸಪ್ಪಳ ಕೇಳಿ ಮಂದಿ ಬಾಜೂಕ ಸರೀತಿದ್ರು. ಈಗ ಹತ್ರ ಬರ್ತಾರ. ನಿನಗ ಅದು ಒಗ್ಗೇತಿ, ನನಗ ಇದು ಒಗ್ಗೇತಿ. ಹಿಂಗ ಇರ್ಲಿ ಬಿಡು. ಅದು ನಿಂದ, ಇದು ನಂದ."

ಕೂತವರೆಲ್ಲ ಅವರ ದೊಡ್ಡತನಕ್ಕೆ ತಲೆದೂಗಿದರು. ಹಳೆಯ ಗಾಡಿಗೆ ಬದಲಾಗಿ ಇಂಥ ಗಾಡಿ ಯಾರು ಕೊಡುತ್ತಾರೆ? ನಾನು, "ಛೇ, ಅಷ್ಟು ದೊಡ್ಡದು ನನಗ್ಯಾಕ" ಎಂದೆ. "ಮನಿಯವ್ರಾಗ ಸಂಕೋಚ ಏನು" ಎಂದರು. ಶಾಲೆಯೇನು ಅಷ್ಟು ದೂರವಲ್ಲ ಎಂದೆ. "ಹತ್ರಕ್ಕೂ ಠೀವಿಲೆ ಹೋಗು" ಎಂದರು. ರಾಜನಂತೆ ಕೂತು ಹೋಗುತ್ತಿದ್ದೇನೆಂದು ನಾನೇ ಹೇಳಿದ್ದನ್ನು ಎಲ್ಲರಿಗೂ ಹೇಳಿದರು. ಇನ್ನು ಒಂದು ಗುಟುಕು ಚಹಾ ಮುಗಿಯುವಷ್ಟರಲ್ಲಿ ನನ್ನ ಗಾಡಿ ನನ್ನದಲ್ಲದೆ ಹೋಗುವುದಿತ್ತು. ನಿಜ ಹೇಳಿದರೆ ಉಳಿಯುತ್ತಿತ್ತು. ಮಾನ ದೊಡ್ಡದೋ ಗಾಡಿ ದೊಡ್ಡದೋ ಎಂದು ಮನುಷ್ಯ ಬೆವರುವುದು ಇಂಥ ಕ್ಷುಲ್ಲಕ ವಿಷಯಕ್ಕೇ. ನಾನು ಕಪ್ಪಿನಿಂದ ಬಷಿಗೆ ಸುರಿದ ಚಹಾವನ್ನೇ ನೋಡುತ್ತ ಕೂತೆ.

ಶಂಷಾದಳಿಗೆ ಸಂತೋಷವಾಗಿರಬೇಕು ಎಂದುಕೊಂಡೆ. ಅವಳು ಬೇಡಿದ್ದೇ ಸಿಕ್ಕಿತ್ತಲ್ಲ. ಅವಳು ಕಪ್ಪು ಕೆಳಗಿಟ್ಟು, ಪಕ್ಕದ ಮನೆಗೂ ಕೇಳುವ ಹಾಗೆ, ಸ್ವಚ್ಛ ಕನ್ನಡದಲ್ಲಿ ಶುರು ಮಾಡಿದಳು.

"ಭಾಯ್, ಇವ್ರ ಕಾಲು ನೆಲಕ್ಕ ಮುಟ್ಟಂಗಿಲ್ರಿ. ಊರ ತುಂಬ ಕಲ್ಲು ಹುಡಿಕ್ಕೋಂತ ಅಡ್ಡ್ಯಾಡಾಕತ್ತಾರ. ಬ್ಯಾಡಗಿ ಪ್ಯಾಟ್ಯಾಗ ಬಿದ್ದಾರ. ನನ್ನ ಮುಂದ ಹೇಳಿಲ್ಲ, ಅಂಗಿ ಒಗ್ಯಾಕ ತಗೊಂಡ್ರ ನನಗ ಸೀನ ಮ್ಯಾಲೆ ಸೀನ ಬಂದ್ವು. ಆ ನಿಮ್ಮ ಮಾಳಗಿ ಮ್ಯಾಲೆ ಕುಂತು ನನಗೂ ಸಾಕಾಗೇತಿ, ಒಂದು ಮಾತಾಡಾಕ ಬರಂಗಿಲ್ಲ. ನಮ್ಮ ಗಾಡಿ ನಮಗ ಕೊಟ್ಟಬಿಡ್ರಿ."

ಅವಳ ಮಾತಿಗೆ ನಕ್ಕರು. ಮೊದಲು ಅಕ್ಕ, ಆಮೇಲೆ ಎಲ್ಲರೂ, ಗೋಡೆಯಾಚೆಗಿನ ಮನೆಯವರೂ. ನನ್ನ ಕಿವಿಗಳು ಬಿಸಿಯಾದವು. ಆದರೆ ನಾಚಿಕೆಯ ಒಳಗೇ ಅವಳ ಮೇಲೆ ಎಂಥ ಪ್ರೀತಿ ಉಕ್ಕಿತೆಂದರೆ, ಇಷ್ಟು ಮಂದಿ ಇಲ್ಲದಿದ್ದರೆ ಹೇಳಿಯೇ ಬಿಡುತ್ತಿದ್ದೆ. ಗೌಸ್ ಭಾಯ್ ಮಾತ್ರ ನಗಲಿಲ್ಲ. ಕೀಲಿಯನ್ನು ಅಂಗೈಯಲ್ಲಿ ಎರಡು ಸಲ ತಿರುವಿ, "ಕವರ್ ನಿನಗ ಇರ್ಲಿ" ಎಂದು ಕೊಟ್ಟರು.

ಮರುದಿನ ಕ್ರಾಸಿನಲ್ಲಿ ಗಂಗವ್ವನ ಮುಂದೆ ಎರಡೂ ಕಾಲು ಊರಿ ನಿಂತೆ. ಅವಳು ಹೊಲವನ್ನು ಸ್ವಲ್ಪ ಹೊತ್ತು ನೋಡಿ, "ಅದನ್ನ ಮಾರಿದ್ಯಾ?" ಎಂದಳು. "ಕಾಲು ನಿಲುಕಲಿಲ್ಲ" ಎಂದೆ. "ಮೊದಲ ಹೇಳಬಾರದಾ? ಸಿಟ್ಟಾಗಿ ಎಷ್ಟು ದಿನ ನಡಕೋಂತ ಹೋಗೇನಿ" ಎಂದು ನನ್ನನ್ನೇ ಬೈದು ಹತ್ತಿದಳು. ಬ್ಯಾಡಗಿ ಮುಟ್ಟುವಷ್ಟರಲ್ಲಿ ಬಾಕಿ ಉಳಿದಿದ್ದ ಸುದ್ದಿಯೆಲ್ಲ ಮುಗಿಸಿದಳು.

ಸ್ವಲ್ಪ ದಿನಕ್ಕೆ ಗೌಸ್ ಭಾಯ್ ದೊಡ್ಡ ಗಾಡಿ ಕೊಟ್ಟು ಒಂದು ಸಣ್ಣ ಗಾಡಿ ತಂದರು ಎಂದು ಸುದ್ದಿ ಬಂತು. ಶಂಷಾದಳಿಗೆ ಆದ ಸಂತೋಷ ಹೇಳತೀರದು. ನಮ್ಮ ಗಾಡಿ ದೊಡ್ಡದಾಗಬೇಕೆಂದು ಅವಳಿಗೆ ಎಂದೂ ಇರಲಿಲ್ಲವೆಂದು ಆಗ ನನಗೆ ಹೊಳೆಯಿತು. ಅಕ್ಕನದು ಸಣ್ಣದಾದರೆ ಸಾಕಾಗಿತ್ತು. ನಾನೂ ಗೆದ್ದವನಂತೆ, ಹಗುರ ಗಾಡಿಯ ಸುಖದ ಬಗ್ಗೆ ಸ್ಟಾಫ್ ರೂಮಿನಲ್ಲಿ ಪ್ರವಚನ ಮಾಡತೊಡಗಿದೆ. ಇದ್ದದ್ದರಲ್ಲಿ ತೃಪ್ತಿ, ಮನುಷ್ಯನಿಗೆ ಬೇಕಾದ್ದು ಎಷ್ಟು, ಇತ್ಯಾದಿ.

ಮೊನ್ನೆ ಅಭಿನಂದಿಸಲೆಂದು ಇಬ್ಬರೂ ರಾಣೆಬೆನ್ನೂರಿಗೆ ಹೋಗಿದ್ದೆವು. ಅವರ ಬಾಗಿಲಲ್ಲಿ ಎರಡು ಸಣ್ಣ ಗಾಡಿಗಳು ಪಕ್ಕಪಕ್ಕ ನಿಂತವು. ಅವರದು ಹೊಸ ನಮೂನೆಯದು, ನೀಲಿ ಬಣ್ಣ, ನನ್ನದಕ್ಕಿಂತ ಒಂದಂಗುಲ ತಗ್ಗು. ಬಟನ್ ಒತ್ತಿದರೆ ಬೆಕ್ಕು ಗುರುಗುಟ್ಟುವಷ್ಟು ಮೆಲ್ಲಗೆ ಚಾಲೂ ಆಗುತ್ತದೆ. ನಾನು ಅದರ ಮೇಲೆ ಕೂತು ನೋಡಿದೆ. ಪಾದ ಊರುವುದಿರಲಿ, ಮೊಣಕಾಲುಗಳು ಕೂಡ ಆರಾಮವಾಗಿ ಮಡಚಿಕೊಂಡವು. ಇಳಿಯಲು ಸ್ವಲ್ಪ ತಡವಾಯಿತು.

ಹೊರಡುವಾಗ ನನ್ನ ಗಾಡಿ ಚಾಲೂ ಮಾಡಲು ಕಿಕ್ ಹೊಡೆದೆ. ಆಗಲಿಲ್ಲ. ಇನ್ನೊಮ್ಮೆ ಹೊಡೆದೆ. ದಿನಾ ಹೀಗೆಯೇ, ಎಂದೂ ಬೇಸರವಾದದ್ದಿಲ್ಲ.

"ಯಾಕ್ರಿ, ಮುಖಾ ಸಣ್ಣದು ಮಾಡೀರಿ?" ಎಂದಳು ಹಿಂದಿನಿಂದ ಶಂಷಾದ.

"ಏನಿಲ್ಲ" ಎಂದೆ.

"ಭಾಯ್ದಕ್ಕ ಬಟನ್ ಐತಿ ಅಂತ ಹೌದಿಲ್ಲೋ?"

ನಾನು ಮತ್ತೊಮ್ಮೆ ಕಿಕ್ ಹೊಡೆದೆ.