ಸರ್ಕಲ್ಲಿನಲ್ಲಿ ತಿರುಗದ ಚುಕ್ಕೆ

ನಮ್ಮ ಭಾವನ ಕೈಯಿಂದ ಈ ಭೂಮಿಯ ಮೇಲೆ ಯಾವ ವಸ್ತುವೂ ಕಳೆದುಹೋಗುವುದಿಲ್ಲ. ಕಳೆದುಹೋಗುವುದಕ್ಕೆ ಅವರು ಬಿಡಬೇಕಲ್ಲ! ಸೂಜಿ ಇಟ್ಟ ಡಬ್ಬಿ, ಕುಡುಗೋಲು ಸಿಕ್ಕಿಸಿದ ತೊಲೆ, ಇಪ್ಪತ್ತೆರಡು ವರ್ಷದ ಹಿಂದೆ ನಮ್ಮಪ್ಪ ಧಾರೆಯಲ್ಲಿ ಕೊಟ್ಟ ಪಂಚೆ, ಎಲ್ಲವೂ ಎಲ್ಲೆಲ್ಲಿವೆ ಎಂಬುದು ಅವರ ತಲೆಯಲ್ಲಿದೆ. ಕಳೆದದ್ದು ಒಂದೇ ಒಂದು ಸಲ. ಅದನ್ನು ಕಳೆದವರು ಅವರೊಬ್ಬರೇ ಅಲ್ಲ, ನಾನೂ ಜೊತೆಗಿದ್ದೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆದರೆ ಹೇಳದೆ ಒಳಗಿಟ್ಟುಕೊಂಡು ಆಗಲೇ ಆರು ತಿಂಗಳು ಕಳೆದಿವೆ, ಇನ್ನು ನನ್ನಿಂದಾಗದು.

ಭಾವ ಎಂದರೆ ನನ್ನಕ್ಕನ ಗಂಡ. ಪಾಂಡವಪುರದಿಂದ ಕೆ.ಆರ್. ಪೇಟೆ ರಸ್ತೆಯಲ್ಲಿ ನಾಲ್ಕೈದು ಕಿಲೋಮೀಟರು ಹೋದರೆ ಅವರ ಊರು. ಕಬ್ಬು, ಭತ್ತ, ಡೇರಿಗೆ ಹಾಲು ಹಾಕಲು ನಾಲ್ಕು ಹಸು. ನಾಲ್ಕು ಹಸುವಿಗೂ ನಾಲ್ಕು ಬೇರೆ ಬೇರೆ ದನಿಯ ಗಂಟೆ! ಕೆ.ಆರ್. ಪೇಟೆ ಸಂತೆಯಲ್ಲಿ ಅರ್ಧ ದಿನ ನಿಂತು, ಒಂದೊಂದನ್ನೂ ಕಿವಿಯ ಹತ್ತಿರ ಅಲ್ಲಾಡಿಸಿ ಆರಿಸಿ ತಂದವು. ಸಂಜೆ ಜಗಲಿಯ ಮೇಲೆ ಕಣ್ಣು ಮುಚ್ಚಿ ಕುಳಿತರೆಂದರೆ ಅಪ್ಪಣೆಗಳು ಶುರುವಾಗುತ್ತವೆ.

"ಕೆಂದಿ ಕಾಲುವೆ ಏರಿ ಮೇಲವ್ಳೆ. ಗೌರಿ ಪಕ್ಕದವ್ರ ಜೋಳಕ್ಕೆ ಬಾಯಾಕ್ತಾವ್ಳೆ, ಓಡ್ಲಾ!"

ಓಡಿಹೋಗಿ ನೋಡಿದರೆ ಗೌರಿಯ ಬಾಯಲ್ಲಿ ನಿಜವಾಗಿಯೂ ಜೋಳದ ಗರಿ! ನಾನು ಬೆರಗಾಗಿ ಅಕ್ಕನಿಗೆ ಹೇಳಿದೆ. ಅಕ್ಕ ಮುದ್ದೆ ತಿರುವುತ್ತ, "ಮದ್ವೆಯಾದ ವರ್ಷ ನಂಗೂ ಕಾಲ್ಗೆಜ್ಜೆ ತಂದ್ಕೊಟ್ರು ಕಣೋ. ನಾನು ಪ್ರೀತಿಗೆ ಅಂದ್ಕೊಂಡಿದ್ದೆ!" ಎಂದಳು.

ಎಣಿಸುವುದು ಅವರ ಇನ್ನೊಂದು ಚಾಳಿ. ನಾಗಮಂಗಲದ ಕಡೆಯ ಒಂದು ಬೀಗರೂಟಕ್ಕೆ ಊರವರೆಲ್ಲ ಬಸ್ಸು ಮಾಡಿಕೊಂಡು ಹೋಗಿದ್ದೆವು. ಬಾಡೂಟ ಮುಗಿಸಿ ಹೊರಡುವಾಗ ಭಾವ ಬಸ್ಸಿನೊಳಗೆ ನಿಂತು ತಲೆ ಎಣಿಸಿದರು. ಸರಿಯಿತ್ತು. ಆದರೂ ಮನಸ್ಸು ಒಪ್ಪಲಿಲ್ಲ. ಕೆಳಗಿಳಿದು ಹೊರಗಿನಿಂದ ಒಂದೊಂದೇ ಕಿಟಕಿ ಎಣಿಸುತ್ತ ಹಿಂದಕ್ಕೆ ಹೋದರು. ಕೊನೆಯ ಕಿಟಕಿಗೆ ಲೆಕ್ಕ ತಾಳೆಯಾಗಿದ್ದೇ ತಡ, ಖುಷಿಯಿಂದ ಬಸ್ಸಿನ ಬೆನ್ನಿಗೆ ಎರಡೇಟು ಬಡಿದು "ರೈಟ್!" ಎಂದರು. ಡ್ರೈವರ್ ಪಾಪ, ರೈಟ್ ಎಂದ ಮೇಲೆ ನಿಲ್ಲುತ್ತಾನೆಯೇ? ಭಾವ ಯಾರದೋ ಟ್ರಾಕ್ಟರಿನಲ್ಲಿ ಊರು ಸೇರಿದರು. ಇಳಿದವರೇ ಕೇಳಿದ ಮೊದಲ ಮಾತು, "ಎಲ್ರೂ ಬಂದ್ರಾ?"

ಇಂಥವರಿಗೆ ಒಬ್ಬಳೇ ಮಗಳು. ನಮ್ಮ ಎರಡೂ ಮನೆಗಳಲ್ಲಿ ಡಿಗ್ರಿಯ ಮೆಟ್ಟಿಲು ಹತ್ತಿದ ಮೊದಲ ಹೆಣ್ಣುಮಗಳು. ಓದುವುದು ಶ್ರೀರಂಗಪಟ್ಟಣದಲ್ಲಿ. ಸಂಜೆ ಅಲ್ಲಿಂದ ನಾಗಮಂಗಲದ ಕಡೆ ಹೋಗುವ ಬಸ್ಸು ಹತ್ತಿ, ಪಾಂಡವಪುರದಲ್ಲಿ ಇಳಿದು, ಊರಿನ ಬಸ್ಸು ಹಿಡಿಯಬೇಕು. ಭಾವ ಕಾಲೇಜಿಗೆ ಸೇರಿಸುವಾಗಲೇ ಒಂದು ಷರತ್ತು ಹಾಕಿದ್ದರು. "ನೋಡವ್ವ, ಮನೆ ಬುಟ್ರೆ ಕಾಲೇಜು, ಕಾಲೇಜು ಬುಟ್ರೆ ಮನೆ. ಬ್ಯಾರೆ ಕಡೆ ಕಾಲಿಟ್ಟಿದ್ದು ಗೊತ್ತಾದ್ರೆ ಅವತ್ತೇ ಓದು ಬಂದ್." ಹುಡುಗಿ ತಲೆಯಾಡಿಸಿದ್ದಳು. ತಲೆಯಾಡಿಸದೆ ಇನ್ನೇನು ಮಾಡಿಯಾಳು?

ಶ್ರೀರಂಗಪಟ್ಟಣದ ತಾಲ್ಲೂಕು ಕಚೇರಿಯ ಹತ್ತಿರ ನನ್ನದೊಂದು ಜೆರಾಕ್ಸ್ ಅಂಗಡಿ. ಪಹಣಿ ತೆಗೆದುಕೊಡುತ್ತೇನೆ, ಅರ್ಜಿ ತುಂಬುತ್ತೇನೆ. ಹಾಗಾಗಿ ಫೋನು, ಕಂಪ್ಯೂಟರಿನ ವಿಷಯದಲ್ಲಿ ನಮ್ಮ ಬಂಧುಬಳಗಕ್ಕೆಲ್ಲ ನಾನೇ ಪಂಡಿತ. ಹಾಳೂರಿಗೆ ಉಳಿದವನೇ ಗೌಡ ಎನ್ನುತ್ತಾರಲ್ಲ, ಹಾಗೆ. ಒಂದು ದಿನ ಭಾವ ಅಂಗಡಿಗೆ ಬಂದು, ಗಿರಾಕಿಗಳೆಲ್ಲ ಹೋಗುವವರೆಗೆ ಕಾದು, ಮೆಲ್ಲಗೆ ಕೇಳಿದರು.

"ಏನ್ಲಾ, ಮಕ್ಳು ಎಲ್ಲವ್ರೆ ಅಂತ ಫೋನೇ ತೋರುಸ್ತದಂತೆ?"

"ತೋರುಸ್ತದೆ ಭಾವ. ಬ್ಯಾರೆ ಏನೂ ಆಕಂಗಿಲ್ಲ, ಫೋನ್ ಜೊತೇಲೇ ಬಂದಿರ್ತದೆ."

"ಅವ್ಳಿಗೆ ಗೊತ್ತಾಗದಂಗೆ ಆಯ್ತದಾ?"

ಇಲ್ಲಿ ನಾನು ಹೇಳಬೇಕಾಗಿದ್ದ ಮಾತು, "ಅವ್ಳನ್ನೇ ಕೇಳಿ ಭಾವ" ಎಂಬುದು. ಹೇಳಿದ್ದೇನು ಗೊತ್ತೇ? "ಅದುನ್ನ ನಂಗೆ ಬುಡಿ!" ಪಂಡಿತನಲ್ಲವೇ!

ಮಾರನೆಯ ದಿನ ಮಧ್ಯಾಹ್ನ ಸೊಸೆ, ಅಂದರೆ ಅಕ್ಕನ ಈ ಮಗಳು, ಅಂಗಡಿಗೆ ಬಂದು, "ಮಾವ, ಇದನ್ನ ಸ್ವಲ್ಪ ಚಾರ್ಜಿಗೆ ಹಾಕಿರಿ, ಲೈಬ್ರರಿಗೆ ಹೋಗಿ ಬರ್ತೀನಿ" ಎಂದು ಫೋನು ಕೊಟ್ಟಳು. ಅದರ ಬೀಗ ತೆಗೆಯುವ ಅಂಕಿಗಳು ನನಗೆ ಗೊತ್ತಿದ್ದವು. ಸ್ಕಾಲರ್‌ಶಿಪ್ ಅರ್ಜಿ ತುಂಬುವಾಗ ಓಟಿಪಿ ನೋಡಲೆಂದು ಅವಳೇ ನಂಬಿ ಹೇಳಿದ್ದಳು. ನಕ್ಷೆ ತೆರೆದೆ. ಜಾಗ ಹಂಚಿಕೊಳ್ಳುವ ಕಡೆ ಭಾವನ ಹೆಸರು ಹಾಕಿದೆ. ನಿಜವಾಗಿಯೂ ಹಂಚಿಕೊಳ್ಳಬೇಕೇ, ಎಷ್ಟು ಹೊತ್ತು ಎಂದು ಫೋನು ಕೇಳಿತು. ನೋಡಿ, ಆ ಯಂತ್ರಕ್ಕಿದ್ದ ಮರ್ಯಾದೆ ನನಗಿರಲಿಲ್ಲ. ಅದಾದರೂ ಒಂದು ಮಾತು ಕೇಳಿತು! "ನಿಲ್ಲಿಸುವವರೆಗೂ" ಎಂದು ಒತ್ತಿದೆ. ಎರಡೇ ನಿಮಿಷದ ಕೆಲಸ. ಹುಡುಗಿ ವಾಪಸು ಬಂದು ಫೋನು ತೆಗೆದುಕೊಂಡು "ಥ್ಯಾಂಕ್ಸ್ ಮಾವ" ಎಂದಳು. ನಾನು "ಅದಕ್ಕೇನಂತೆ ಬುಡವ್ವ" ಎಂದೆ. ಈಗ ಅದನ್ನು ನೆನೆದರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಅವತ್ತಿನಿಂದ ಭಾವ ಕಣ್ಣು ತೆರೆದು ಕೂರತೊಡಗಿದರು. ಮಗಳ ಮುಖವಿದ್ದ ಗುಂಡನೆಯ ಚುಕ್ಕೆ ಅವರ ಫೋನಿನಲ್ಲಿ ತೆವಳುತ್ತಿತ್ತು. "ಕಿರಂಗೂರು ದಾಟುದ್ಲು. ಸ್ಟೇಷನ್ ತಾವ ಬಂದ್ಲು. ಇದ್ಯಾಕ್ಲಾ ನಿಂತ್ಲು? ಓ, ರೈಲ್ ಗೇಟ್ ಆಕವ್ರೆ." ಕ್ರಿಕೆಟ್ಟಿನ ವೀಕ್ಷಕ ವಿವರಣೆ ಇದರ ಮುಂದೆ ಏನೇನೂ ಅಲ್ಲ! ಪಕ್ಕದ ಜಗಲಿಯವರಿಗೆ ಮೊದಲು ಸೋಜಿಗವಾಯಿತು, ಆಮೇಲೆ ಅದೇ ಅನುಕೂಲವಾಯಿತು. ಮಗಳು ಪಾಂಡವಪುರದಲ್ಲಿ ಊರಿನ ಬಸ್ಸು ಹತ್ತಿದಳೆಂದರೆ ಬಸ್ಸು ಎಲ್ಲಿದೆ ಎಂಬುದೂ ಗೊತ್ತಾಗುತ್ತಿತ್ತಲ್ಲ? ಪೇಟೆಗೆ ಹೊರಟವರು ನಿಲ್ದಾಣಕ್ಕೆ ಹೋಗುವುದನ್ನೇ ಬಿಟ್ಟು ಭಾವನ ಜಗಲಿಗೆ ಬಂದು, "ಗೌಡ್ರೇ, ಬಸ್ಸು ಎಲ್ಲದೆ?" ಎಂದು ಕೇಳಿ, ಕಾಫಿ ಕುಡಿದು ಎದ್ದು ಹೋಗುವಂತಾಯಿತು. ಅಂತೂ ನನ್ನ ಸೊಸೆ ಊರಿಗೆಲ್ಲ ಬಸ್ಸಿನ ವೇಳಾಪಟ್ಟಿಯಾದಳು. ಗೊತ್ತಿಲ್ಲದಿದ್ದದ್ದು ಅವಳೊಬ್ಬಳಿಗೇ. ನಾನೂ ಅಲ್ಲಿ ಕುಳಿತು ನಕ್ಕವನೇ.

ಆ ಸಂಜೆ ಅಕ್ಕನ ಮನೆಗೆ ಪಹಣಿ ಕೊಡಲು ಹೋಗಿದ್ದೆ. ಜಗಲಿಯಲ್ಲಿ ಭಾವ ಇದ್ದಕ್ಕಿದ್ದಂತೆ ಚೇಳು ಕಡಿದವರ ಹಾಗೆ ಎದ್ದು ನಿಂತರು.

"ಲೇ! ಪಾಂಡವಪುರದ ಸರ್ಕಲ್ಲಲ್ಲಿ ಚುಕ್ಕೆ ತಿರುಗ್ಲೇ ಇಲ್ಲ ಕಣ್ಲಾ! ನಾಗಮಂಗಲದ ರೋಡ್ ಇಡ್ಕಂಡದೆ!"

ಫೋನು ಮಾಡಿದೆವು. ಗಂಟೆ ಬಾರಿಸುತ್ತದೆ, ಎತ್ತುವವರಿಲ್ಲ. ಚುಕ್ಕೆ ಮಾತ್ರ ಓಡುತ್ತಲೇ ಇದೆ. ಭಾವ ನನ್ನ ಸ್ಕೂಟರಿನ ಹಿಂದೆ ಕುಳಿತರು. ಒಂದು ಕೈಯಲ್ಲಿ ಅಕ್ಕನ ಫೋನು, ಇನ್ನೊಂದರಲ್ಲಿ ಚುಕ್ಕೆ. ಹೋಗುತ್ತ ಹೋಗುತ್ತಲೇ ದಾರಿಯುದ್ದದ ನೆಂಟರಿಗೆಲ್ಲ ಕರೆ ಶುರುವಾಯಿತು. "ನಮ್ಮುಡ್ಗಿ ಆ ಕಡೆ ಏನಾರ ಬಂದವ್ಳಾ?" ಎಂದಷ್ಟೇ ಅವರು ಕೇಳಿದ್ದು. ಆದರೆ ಮಾತಿಗೆ ಬ್ರೇಕು ಉಂಟೇ? ಕೆ.ಆರ್. ಪೇಟೆಯ ಬೀಗರ ಮನೆಯಲ್ಲಿ ಅದು "ಕಾಣ್ತಿಲ್ಲವಂತೆ" ಆಯಿತು. ಸುದ್ದಿ ನಾಗಮಂಗಲ ತಲುಪುವಷ್ಟರಲ್ಲಿ "ಯಾವನ್ ಜೊತೇಲೋ ಓಗ್ಬುಟ್ಲಂತೆ" ಆಯಿತು. ಬೆಳ್ಳೂರು ಕ್ರಾಸಿನಲ್ಲಿ ಭಾವನ ಸೋದರತ್ತೆಯ ಮಗನ ಹೋಟೆಲಿದೆ. ಅಲ್ಲಿಗೆ ಮುಟ್ಟುವ ಹೊತ್ತಿಗೆ ಹುಡುಗನಿಗೆ ಗಡ್ಡವೂ ಬಂದಿತ್ತು, ಬೈಕೂ ಬಂದಿತ್ತು!

ನಾವು ಇನ್ನೂ ಪಾಂಡವಪುರವನ್ನೂ ಮುಟ್ಟಿರಲಿಲ್ಲ, ಒಂದು ಕಿಲೋಮೀಟರು ಉಳಿದಿತ್ತು. ಕಬ್ಬಿನ ಟ್ರಾಕ್ಟರುಗಳ ಧೂಳಿನಲ್ಲಿ ಯಾರೋ ಹುಡುಗಿ, ಮುಖಕ್ಕೆ ದುಪಟ್ಟಾ ಸುತ್ತಿಕೊಂಡು ಎದುರಿಗೆ ನಡೆದು ಬರುತ್ತಿದ್ದಳು. ನಮ್ಮನ್ನು ಕಂಡು ಎರಡೂ ಕೈ ಬೀಸಿದಳು. ನಾನು ಸ್ಕೂಟರು ನಿಧಾನ ಮಾಡಿದೆ. ಭಾವ ಫೋನಿನಿಂದ ತಲೆ ಎತ್ತದೆ, "ಯಾರೋ ಡ್ರಾಪ್ ಕೇಳ್ತಾವ್ರೆ, ನಿಲ್ಲುಸ್ಬ್ಯಾಡ, ಚುಕ್ಕೆ ದೂರ ಓಯ್ತದೆ!" ಎಂದರು. ನಾನು ನಿಲ್ಲಿಸಲಿಲ್ಲ.

ನಾಗಮಂಗಲ ಹತ್ತಿರವಾಗುವಾಗ ಪಕ್ಕದ ಮನೆಯವರ ನಂಬರಿನಿಂದ ಅಕ್ಕ ಫೋನು ಮಾಡಿದಳು. "ಮಗಳು ಮನೆಗೆ ಬಂದವ್ಳೆ, ವಾಪಸ್ ಬನ್ನಿ."

"ಎಂಗ್ ಬತ್ತಾಳೆ?" ಭಾವ ಸಿಡುಕಿದರು. "ಚುಕ್ಕೆ ಇನ್ನೂ ಬೆಳ್ಳೂರು ಕಡೆ ಓಯ್ತಾ ಅದೆ!"

"ನನ್ನ ಕಣ್ಣೆದುರಿಗೇ ಕೂತವ್ಳೆ ಕನ್ರೀ!"

"ಸರ್ಯಾಗ್ ನೋಡು!"

ಮಗಳನ್ನು ಹೆತ್ತವಳಿಗೇ "ಸರ್ಯಾಗ್ ನೋಡು" ಎಂದ ಗಂಡಸು ಮಂಡ್ಯ ಜಿಲ್ಲೆಯಲ್ಲಿ ಇವರೊಬ್ಬರೇ ಇರಬೇಕು! ಕೊನೆಗೆ ಮಗಳೇ ಮಾತಾಡಿದಾಗ ವಿಷಯ ತಿಳಿಯಿತು. ಬಸ್ಸು ಕಿಕ್ಕಿರಿದಿತ್ತು. ನಿಂತವರು ಕುಳಿತವರ ತೊಡೆಯ ಮೇಲೆ ಬ್ಯಾಗು ಇಡುವುದು ನಮ್ಮ ಕಡೆಯ ರೂಢಿ. ಯಾರು, ಏನು ಎಂದು ಯಾರೂ ಕೇಳುವುದಿಲ್ಲ. ಇವಳೂ ಒಬ್ಬ ಅಜ್ಜಿಯ ತೊಡೆಯ ಮೇಲೆ ಬ್ಯಾಗಿಟ್ಟಿದ್ದಳು. ಪಾಂಡವಪುರದಲ್ಲಿ ಜನರ ನೂಕಿಗೆ ಹಿಂದಿನ ಬಾಗಿಲಿನಿಂದ ಇಳಿದದ್ದೇ ತಡ, ಬಸ್ಸು ಹೊರಟಿತು. ಫೋನು ತರಗತಿಗೆಂದು ಸದ್ದಡಗಿಸಿದ್ದು ಹಾಗೇ ಬ್ಯಾಗಿನಲ್ಲಿ. ಕಾಸೂ ಅದರಲ್ಲಿ. ಹೆಂಗಸರಿಗೆ ಬಸ್ಸು ಉಚಿತ, ನಿಜ. ಆದರೆ ತೋರಿಸಬೇಕಾದ ಆಧಾರ್ ಕಾರ್ಡೂ ಬ್ಯಾಗಿನಲ್ಲೇ. ಸಂಕೋಚದ ಹುಡುಗಿ ಯಾರನ್ನೂ ಕೇಳದೆ ನಡೆದೇ ಮನೆ ಸೇರಿದ್ದಳು.

ಬಸ್ಸು, ಅಜ್ಜಿ, ಬ್ಯಾಗಿನ ಗುರುತನ್ನು ಬೆಳ್ಳೂರು ಕ್ರಾಸಿನ ಹೋಟೆಲಿಗೆ ಫೋನಿನಲ್ಲಿ ತಿಳಿಸಿ ನಾವೂ ಅಲ್ಲಿಗೆ ಹೋದೆವು. ಹೋಟೆಲಿನವನು ನಾಲ್ಕು ಜನರನ್ನು ಕಟ್ಟಿಕೊಂಡು ಬಸ್ಸು ತಡೆದು, ಗಡ್ಡದ ಹುಡುಗ ಸಿಗದೆ ನಿರಾಸೆಗೊಂಡು, ಅಜ್ಜಿಯನ್ನು ಬೆಂಚಿನ ಮೇಲೆ ಕೂರಿಸಿದ್ದ. ಅಜ್ಜಿ ಬ್ಯಾಗನ್ನು ಎದೆಗವಚಿಕೊಂಡಿತ್ತು.

"ನನ್ ಮಗಳದ್ದು, ಕೊಡವ್ವ" ಎಂದರು ಭಾವ.

"ಒಳಗೇನದೆ ಯೋಳು."

ಭಾವ ನನ್ನ ಮುಖ ನೋಡಿದರು. ಮಗಳು ಯಾವ ತಿರುವಿನಲ್ಲಿದ್ದಾಳೆಂದು ಊರಿಗೆಲ್ಲ ಹೇಳುತ್ತಿದ್ದವರಿಗೆ ಅವಳ ಬ್ಯಾಗಿನಲ್ಲಿ ಏನಿದೆ ಎಂಬುದು ಗೊತ್ತಿರಲಿಲ್ಲ. "ಪುಸ್ತಕ" ಎಂದರು.

"ಎಲ್ಲಾ ಮಕ್ಕಳ ಬ್ಯಾಗಲ್ಲೂ ಪುಸ್ತಕನೇ ಇರ್ತದೆ ಕನಪ್ಪ."

ನಾನು ಪಂಡಿತನಂತೆ, "ನೀನೇ ಬುಚ್ಚಿ ನೋಡಜ್ಜಿ" ಎಂದೆ. ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿತು. "ಆ ಮಗ ನಂಬಿ ಕೊಟ್ಟದೆ. ನಂಬಿ ಕೊಟ್ಟಿದ್ನ ಬುಚ್ಚಕ್ಕಾದದಾ? ಅಷ್ಟೊತ್ತಿಂದ ಒಳಗೆ ಗುಯ್ ಗುಯ್ ಅಂತಿತ್ತು, ಜಿಪ್ಪು ಮುಟ್ಟಿಲ್ಲ ನಾನು" ಎಂದಿತು.

ಆ ಮಾತು ನನಗೆಲ್ಲಿ ನಾಟಿತೆಂದು ಬಿಡಿಸಿ ಹೇಳಬೇಕೇ? ಗುರುತು ಪರಿಚಯವಿಲ್ಲದ ಅಜ್ಜಿ ಅಷ್ಟು ದೂರ ಜಿಪ್ಪು ಮುಟ್ಟಿರಲಿಲ್ಲ. ಸೋದರಮಾವನಾದ ನಾನು ಎರಡು ನಿಮಿಷ ತಡೆಯಲಿಲ್ಲ. ಸೊಸೆ ಫೋನಿನಲ್ಲಿ "ಕೊಡಿ ಅಜ್ಜಿ, ಅವರು ನಮ್ಮಪ್ಪನೇ" ಎಂದ ಮೇಲೆ ಬ್ಯಾಗು ನಮ್ಮ ಕೈಗೆ ಬಂತು.

ಮನೆಯಲ್ಲಿ ಹುಡುಗಿ ಗೋಡೆಗೊರಗಿ ಕುಳಿತಿದ್ದಳು. ಚಪ್ಪಲಿಯ ಉಂಗುಟ ಕಿತ್ತು, ಹಿಮ್ಮಡಿ ಬೊಬ್ಬೆ ಎದ್ದಿತ್ತು. "ನಾನು ಅಷ್ಟು ಕೈ ಬೀಸಿ ಕೂಗಿದೆನಲ್ಲಪ್ಪ, ನೀವು ನೋಡಲೇ ಇಲ್ಲ" ಎಂದಳು. ಭಾವ ಅಲ್ಲೇ ಹೊಸ್ತಿಲ ಮೇಲೆ ಕುಳಿತರು. ಅವಳು ಬ್ಯಾಗನ್ನು ಮಡಿಲಿಗೆಳೆದುಕೊಂಡು ಕೇಳಿದಳು, "ಬ್ಯಾಗು ಎಲ್ಲಿದೆ ಅಂತ ನನಗೇ ಗೊತ್ತಿರಲಿಲ್ಲ. ನಿಮಗೆ ಹೆಂಗೆ ಗೊತ್ತಾಯ್ತು?"

ನಾನು ಹೇಳಬೇಕಿತ್ತು. ಭಾವ ನನ್ನ ಕಡೆ ತಿರುಗಿಯೂ ನೋಡದೆ, "ನಾನೇ ಕನವ್ವ. ನಿನ್ ಫೋನಲ್ಲಿ ನಾನೇ ಏನೋ ಒತ್ತಿದ್ದೆ" ಎಂದುಬಿಟ್ಟರು. ಕರೆ ಬಂದರೆ ಯಾವ ಕಡೆ ಎಳೆಯಬೇಕೆಂದು ಇವತ್ತಿಗೂ ತಡಕಾಡುವ ಮನುಷ್ಯ! ಹುಡುಗಿ ಒಂದು ಸಲ ನನ್ನ ಕಡೆ ನೋಡಿ ತಲೆ ತಗ್ಗಿಸಿದಳು. ನಾನು ಅಕ್ಕ ಬಡಿಸಿದ್ದನ್ನು ಉಂಡು ಅಲ್ಲೇ ಮಲಗಿದೆ.

ಬೆಳಿಗ್ಗೆ ಎದ್ದರೆ ಭಾವ ಜಗಲಿಯಲ್ಲಿ ಫೋನು ಹಿಡಿದು ಕುಳಿತಿದ್ದರು. ತಾನು ಹೇಳಿದ್ದೇ ಸರಿ ಎಂದು ಹುಟ್ಟಿದಾಗಿನಿಂದ ವಾದಿಸಿಕೊಂಡು ಬಂದವರು, ಬೀದಿಗೆಲ್ಲ ಕೇಳುವಂತೆ, ಹಿಂದಿನ ಸಂಜೆ ಕರೆದಿದ್ದ ಒಬ್ಬೊಬ್ಬರನ್ನೂ ಮತ್ತೆ ಕರೆಯುತ್ತಿದ್ದರು. "ನನ್ ಮಗಳು ಎಲ್ಲೂ ಓಗಿರ್ನಿಲ್ಲ. ಬ್ಯಾಗು ಬಸ್ಸಲ್ಲಿ ಉಳ್ಕಂಡಿತ್ತು, ಅವ್ಳು ನಡ್ಕಂಡು ಮನೆಗ್ ಬತ್ತಿದ್ಲು. ತಪ್ಪು ನಂದು." ಕೆ.ಆರ್. ಪೇಟೆಯವರು "ಓಗ್ಲಿ ಬುಡಿ ಗೌಡ್ರೇ" ಎಂದರೇನೋ, ಇವರ ದನಿ ಏರಿತು. "ಬುಡಕ್ಕಾಗಲ್ಲ. ನೀವು ಯಾರ್‌ಯಾರಿಗ್ ಯೋಳಿದ್ರೋ ಅವ್ರಿಗೆಲ್ಲ ಇದ್ನೂ ಯೋಳಿ." ಒಂದು ಕರೆಯಲ್ಲೂ ನನ್ನ ಹೆಸರು ಬರಲಿಲ್ಲ.

ಹುಡುಗಿ ಬ್ಯಾಗು ಹಾಕಿಕೊಂಡು ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಹೋಗಬಹುದೋ ಬಾರದೋ ಎಂದು ಕೇಳುವ ಧೈರ್ಯ ಅವಳಿಗಿರಲಿಲ್ಲ. ಭಾವನೇ, "ಬಸ್ಸಿಗೆ ಒತ್ತಾಯ್ತು, ಓಗವ್ವ" ಎಂದರು.

"ಪಾಂಡವಪುರ ತಲುಪಿದ ಮೇಲೆ ಫೋನ್ ಮಾಡ್ಲಾ ಅಪ್ಪ?"

"ಏನೂ ಬ್ಯಾಡ. ಸಂಜೆ ಬಾ, ಸಾಕು."

ನಾನು ಅವಳ ಜೊತೆ ನಿಲ್ದಾಣದವರೆಗೆ ಹೋದೆ. ಅವಳು ಕುಂಟುತ್ತ ನಡೆಯುತ್ತಿದ್ದಳು. ಬಸ್ಸು ಕಾಣಿಸಿದಾಗ, ಇನ್ನು ತಡ ಮಾಡಿದರೆ ಈ ಜನ್ಮದಲ್ಲಿ ಹೇಳಲಾರೆ ಅನ್ನಿಸಿ, "ಅದನ್ನ ಒತ್ತಿದ್ದು ನಿಮ್ಮಪ್ಪ ಅಲ್ಲ ಕನವ್ವ, ನಾನು" ಎಂದೆ.

"ಗೊತ್ತು ಮಾವ" ಎಂದಳು. ಕೋಪವಿರಲಿಲ್ಲ, ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು. ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟು, ತಿರುಗಿ ನೋಡಿ ಹೇಳಿದಳು.

"ಒಂದು ಮಾತು ಕೇಳಿದ್ರೆ, ನಾನೇ ಒತ್ತಿ ಕೊಡ್ತಿದ್ದೆ ಮಾವ."